ಚಿರಂಜೀವಿಯ ಸೆಮಿಸ್ಟರಾರಂಭ

ಸಂವತ್ಸರಕ್ಕೆ ಉತ್ತರಾಯಣ ದಕ್ಷಿಣಾಯನಗಳೆಂದು ಎರಡು ಅಯನಗಳಿರುವುದನ್ನು ಪಂಚಾಂಗ ತಿರುವಿದವರೆಲ್ಲರೂ ಬಲ್ಲರು. ಆದರೆ ಕಾಲೇಜಿಗೆ ಹೋಗುವ ಹುಡುಗನೊಬ್ಬನನ್ನು ಮನೆಯಲ್ಲಿರಿಸಿಕೊಂಡ ಗೃಹಸ್ಥನ ಅಯನಗಳೇ ಬೇರೆ. ಸೆಮಿಸ್ಟರ್ ಎಂಬ ಶಬ್ದಕ್ಕೆ ಲ್ಯಾಟಿನ್ ಮೂಲದಲ್ಲಿ ಆರು ತಿಂಗಳೆಂದೇ ಅರ್ಥವಾದರೂ, ಅದರಲ್ಲಿ ಪಾಠಪ್ರವಚನಗಳಿಗೆ ಒದಗುವುದು ಹೆಚ್ಚೆಂದರೆ 16 ವಾರ. ಆ ಹದಿನಾರರಲ್ಲಿ ಮೊದಲ ಎರಡು ವಾರಗಳು ಪರಮ ಪುಣ್ಯಕಾಲ. ಹಿಂದಿನ ಸೆಮಿಸ್ಟರಿನ ಪಾಪಗಳೆಲ್ಲ ಅಳಿದು, ಮುಂದಿನದರ ಪಾಪಗಳಿನ್ನೂ ಅಂಕುರಿಸದ ಆ ಶುಭಸಂಧಿಯಲ್ಲಿ ವಿದ್ಯಾರ್ಥಿಯು ಸೂರ್ಯನಿಗಿಂತ ಮೊದಲೇ ಏಳುತ್ತಾನೆ, ಹಾಸಿಗೆಯನ್ನು ತಾನೇ ಸುತ್ತಿಡುತ್ತಾನೆ, ಮನೆಯ ಹಿರಿಯರನ್ನು ಕಂಡರೆ ಮುಗುಳ್ನಗುತ್ತಾನೆ. ಲೋಕವು ಅವನನ್ನು ಆರಂಭಶೂರನೆಂದು ಹಳಿಯುತ್ತದೆ. ಶೂರತ್ವವನ್ನು ಆರಂಭದಲ್ಲಾದರೂ ಕಂಡವರೆಷ್ಟು ಮಂದಿ ಎಂದು ನಾನು ಅವನ ಪರವಾಗಿ ಕೆಲವು ವೇಳೆ ವಾದಿಸಿರುವುದುಂಟು. ಆದರೆ ಅದು ಡ್ರಮ್ಮಿನ ಪ್ರಕರಣಕ್ಕೆ ಮುಂಚಿನ ಮಾತು.

ನಾನು ಹೇಳುತ್ತಿರುವ ಚಿರಂಜೀವಿಯು ಪಿರಿಯಾಪಟ್ಟಣದಲ್ಲಿರುವ ನನ್ನ ತಂಗಿಯ ಮಗ. 2022ರಲ್ಲಿ ಒಂದು ಸೂಟ್‌ಕೇಸು, ಒಂದು ಡಬ್ಬಿ ಚಕ್ಕುಲಿ ಮತ್ತು ಅಪಾರವಾದ ಜ್ಞಾನದಾಹಗಳೊಡನೆ ಮೈಸೂರಿನ ಸರಸ್ವತೀಪುರದ ನಮ್ಮ ಮನೆಗೆ ಬಂದಿಳಿದನು. ಅದರ ಹಿಂದಿನ ವರ್ಷವೇ ರಾಜ್ಯದಲ್ಲಿ ಹೊಸ ಶಿಕ್ಷಣನೀತಿ ಜಾರಿಗೆ ಬಂದಿತ್ತಾಗಿ, ಬಿ.ಎ. ಎಂದರೆ ನಮ್ಮ ಕಾಲದ ಬಿ.ಎ. ಆಗಿರಲಿಲ್ಲ. ಇತಿಹಾಸ, ಅರ್ಥಶಾಸ್ತ್ರಗಳೆಂಬ ಎರಡು ಮುಖ್ಯ ವಿಷಯಗಳು, ಎರಡು ಭಾಷೆಗಳು. ಅವುಗಳ ಸುತ್ತ ಓಪನ್ ಎಲೆಕ್ಟಿವ್ ಎಂಬ ಪರಶಾಸ್ತ್ರವೊಂದು, ಡಿಜಿಟಲ್ ಫ್ಲುಯೆನ್ಸಿ, ಪರಿಸರ ಅಧ್ಯಯನ, ಭಾರತದ ಸಂವಿಧಾನ, ಯೋಗ, ಆರೋಗ್ಯ ಮತ್ತು ಕ್ಷೇಮ. 2024ರಲ್ಲಿ ಸರ್ಕಾರವು ಹೊಸದಾಗಿ ಸೇರುವವರಿಗೆ ಹಳೆಯ ಮೂರು ವರ್ಷದ ಪದ್ಧತಿಯನ್ನೇ ಮರಳಿ ತಂದಿತು; ಚಿರಂಜೀವಿಯ ಪಂಕ್ತಿಯವರಿಗೆ ಮಾತ್ರ ಆಗಲೇ ಬಡಿಸಿದ್ದ ಎಲೆ ಹಾಗೆಯೇ ಉಳಿಯಿತು. ಎಲೆ ಎಂದುದು ಬುದ್ಧಿಪೂರ್ವಕವಾಗಿಯೇ. ಮದುವೆಯೂಟದಲ್ಲಿ ಅನ್ನ ಬರುವುದಕ್ಕೆ ಮೊದಲೇ ಕೋಸಂಬರಿ, ಪಲ್ಯ, ಗೊಜ್ಜುಗಳಲ್ಲಿ ಹೊಟ್ಟೆ ತುಂಬಿಸಿಕೊಂಡು, ಸಾರು ಬಂದಾಗ ಕೈಯನ್ನು ಅಡ್ಡ ಹಿಡಿಯುವ ಮಕ್ಕಳಿರುವುದಿಲ್ಲವೆ? ಇವನು ಆ ಜಾತಿ. ಎಲೆಯ ನಡುವಿನ ಇತಿಹಾಸ ಆರುತ್ತಿರುತ್ತದೆ, ತುದಿಯ ಉಪ್ಪಿನಕಾಯಿಯ ಮೇಲೆ ಇವನ ಸಂಶೋಧನೆ ಸಾಗಿರುತ್ತದೆ.

ಆರಂಭದ ವಿಧಿಗಳು ಯಾವ ಸೆಮಿಸ್ಟರಿನಲ್ಲಿಯೂ ಬದಲಾದವಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಯಿಂದ 200 ಪುಟಗಳ ಆರು ನೋಟ್‌ಬುಕ್ಕುಗಳು ಬರುತ್ತವೆ. ಅವಕ್ಕೆ ಕಂದು ಕಾಗದದ ಹೊದಿಕೆ, ಹೊದಿಕೆಗೆ ಲೇಬಲ್ಲು, ಲೇಬಲ್ಲಿನ ಮೇಲೆ ಮೂರು ಬಣ್ಣದ ಶಾಯಿಯಲ್ಲಿ ಮುತ್ತು ಪೋಣಿಸಿದಂತಹ ಅಕ್ಷರಗಳಲ್ಲಿ ವಿಷಯದ ಹೆಸರು. ಮೊದಲ ಪುಟದಲ್ಲಿ ‘ಘಟಕ 1’ ಎಂದು ಬರೆದು ಅಡಿಗೆರೆಯನ್ನು ಅಳತೆಪಟ್ಟಿ ಹಿಡಿದು ಎಳೆಯುತ್ತಾನೆ. ಎರಡನೆಯ ಪುಟದಲ್ಲಿ ಅಳತೆಪಟ್ಟಿ ಹೋಗುತ್ತದೆ. ನಾಲ್ಕನೆಯದರಲ್ಲಿ ಅಕ್ಷರಗಳು ವಾಲುತ್ತವೆ. ಆರನೆಯ ಪುಟವನ್ನು ಶಾಯಿಯು ಮುಟ್ಟಿದ್ದನ್ನು ನಾನು ಈವರೆಗೆ ಕಂಡವನಲ್ಲ. ಉಳಿದ 195 ಪುಟಗಳು ನನಗೆ ವಂಶಪಾರಂಪರ್ಯದ ವಿರುದ್ಧ ದಿಕ್ಕಿನಲ್ಲಿ ಬಂದ ಆಸ್ತಿ: ಹಾಲಿನ ಲೆಕ್ಕವು ಅರ್ಥಶಾಸ್ತ್ರದಲ್ಲಿಯೂ, ಇಸ್ತ್ರಿಯವನ ಲೆಕ್ಕವು ಸಂವಿಧಾನದಲ್ಲಿಯೂ ನಡೆಯುತ್ತಿದೆ.

ಎರಡನೆಯ ವಿಧಿ ವೇಳಾಪಟ್ಟಿಯ ಪ್ರತಿಷ್ಠಾಪನೆ. ಇದಕ್ಕೆ ಅವನು ಆರಿಸಿಕೊಂಡ ಸ್ಥಳವು ನಮ್ಮ ಬೀರುವಿನ ಕನ್ನಡಿ. ಆದಕಾರಣ ನಾನು ಪ್ರಾತಃಕಾಲದಲ್ಲಿ ಕ್ಷೌರ ಮಾಡಿಕೊಳ್ಳಬೇಕಾದರೆ ಗದ್ದವನ್ನು ಶುಕ್ರವಾರದ ಕೆಳಗೂ, ಕಿವಿಯನ್ನು ಸೋಮವಾರದ ಎಡಕ್ಕೂ ತಂದು, ನಡುವೆ ಉಳಿದ ಮುಖವನ್ನು ಊಹೆಯಿಂದ ನಿರ್ವಹಿಸಬೇಕು. ಮೂರನೆಯದು ಜಾಲತಾಣದಲ್ಲಿ ಎಲೆಕ್ಟಿವ್ ಆಯ್ಕೆ. ಅದಕ್ಕೆ ಅವನು ಕೊಟ್ಟಿರುವ ದೂರವಾಣಿ ಸಂಖ್ಯೆ ನನ್ನದು. ಅದೇಕೆಂದು ಕೇಳಿದರೆ, “ನನ್ನ ನಂಬರು ಬದಲಾಗ್ತಾ ಇರುತ್ತೆ ಮಾವ, ನಿಮ್ಮದು ಸ್ಥಿರ” ಎಂದನು. ನನ್ನ ಜೀವನದಲ್ಲಿ ಯಾರಾದರೂ ನನ್ನ ಬಗೆಗೆ ಆಡಿದ ಅತ್ಯಂತ ಗೌರವದ ಮಾತು ಇದೇ ಇರಬೇಕು. ಆ ಸ್ಥೈರ್ಯದ ಫಲವಾಗಿ ನಾನು ದೇವರ ಮುಂದೆ ಗಂಟೆ ಅಲ್ಲಾಡಿಸುತ್ತಿರುವಾಗ ಒಳಗಿನಿಂದ “ಮಾವ, ಓಟಿಪಿ! ಓಟಿಪಿ!” ಎಂದು ಆರ್ತನಾದ ಕೇಳುತ್ತದೆ, ನಾನು ಕನ್ನಡಕವನ್ನು ಹುಡುಕಿ ಆರು ಅಂಕೆಗಳನ್ನು ಓದಿ ಹೇಳುವಷ್ಟರಲ್ಲಿ ಕೇಳಿದ ವಿಷಯದ ಸ್ಥಾನಗಳು ತುಂಬಿ, ಕೇಳದ ವಿಷಯವೊಂದು ಗಂಟುಬಿದ್ದಿರುತ್ತದೆ. ಆಶ್ಚರ್ಯವೆಂದರೆ ಮರುದಿನವೇ ಅವನು ಆ ಗಂಟುಬಿದ್ದ ವಿಷಯದ ಪರಮಭಕ್ತ.

ಇನ್ನು ಡ್ರಮ್ಮಿನ ಕಥೆ. ಪರಿಸರ ಅಧ್ಯಯನವೆಂಬುದು ಆರಂಭವಾದ ಮೂರನೆಯ ದಿನ ಅವನು ಊಟದ ನಡುವೆ, 2016ರ ಸ್ವಚ್ಛತಾ ಸಮೀಕ್ಷೆಯಲ್ಲಿ ಮೈಸೂರು ದೇಶಕ್ಕೇ ಮೊದಲನೆಯ ನಗರವಾಗಿತ್ತೆಂದೂ, ಅಂತಹ ಪುರದಲ್ಲಿ ವಾಸಿಸುತ್ತ ನಾವು ಸೌತೆಕಾಯಿ ಸಿಪ್ಪೆಯನ್ನು ಕಸದ ಗಾಡಿಗೆ ಹಾಕುತ್ತಿರುವುದು ಪ್ರಜ್ಞಾವಂತರಿಗೆ ಉಚಿತವಲ್ಲವೆಂದೂ ಉಪನ್ಯಾಸವಿತ್ತನು. ಇಂಗಾಲವು 30 ಭಾಗ, ಸಾರಜನಕವು ಒಂದು ಭಾಗ ಇರುವಂತೆ ತರಗೆಲೆಯನ್ನೂ ಅಡುಗೆಮನೆಯ ಕಸವನ್ನೂ ಪದರಪದರವಾಗಿ ಹಾಕಿ, ಹುಳಿಮಜ್ಜಿಗೆ ಚಿಮುಕಿಸಿ, ಗಾಳಿಯಾಡಲು ಬಿಟ್ಟರೆ ಮೂರು ತಿಂಗಳಲ್ಲಿ ಕಪ್ಪು ಬಂಗಾರ ಸಿದ್ಧವಂತೆ. ನಾನು ತಲೆದೂಗಿದೆನು. ತಲೆದೂಗುವುದಕ್ಕೆ ಮುಂಚೆ, ಗಾಳಿಯು ಯಾವುದರೊಳಗೆ ಆಡಬೇಕೆಂದು ವಿಚಾರಿಸದೆ ಹೋದುದು ನನ್ನ ತಪ್ಪು.

ಆ ವಾರ ಎರಡು ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಪ್ರಕಟಣೆಯಾಗಿತ್ತು. ನನ್ನ ಹೆಂಡತಿಯು ನೀರಿನ ವಿಷಯದಲ್ಲಿ ಬ್ಯಾಂಕಿನವಳು. ಠೇವಣಿಯಿಲ್ಲದೆ ಅವಳಿಗೆ ನಿದ್ದೆ ಬಾರದು. ಬೆಳಗಿನ ಜಾವ ಐದು ಗಂಟೆಯ ಅರೆಗತ್ತಲಿನಲ್ಲಿ, ಬಚ್ಚಲಿನ ಮೂಲೆಯಲ್ಲಿದ್ದ ನೀಲಿ ಡ್ರಮ್ಮಿಗೆ ಪೈಪು ಇಳಿಬಿಟ್ಟು, ನಲ್ಲಿ ತಿರುಗಿಸಿ, ಹಾಲು ಕಾಯಿಸಲು ಅಡುಗೆಮನೆಗೆ ಹೋದಳು. ಐದು ನಿಮಿಷ ಕಳೆದಿರಬಹುದು.

“ರೀ! ಎದ್ದು ಬನ್ನಿ ಇಲ್ಲಿ! ನಿಮ್ಮ ತಂಗಿ ಮಗ ಮನೇಲೇ ಬೃಂದಾವನ ಮಾಡಿದಾನೆ!”

ಹೋಗಿ ನೋಡಿದರೆ ಅವಳ ಉಪಮೆಯಲ್ಲಿ ಅತಿಶಯೋಕ್ತಿ ಲವಲೇಶವೂ ಇರಲಿಲ್ಲ. ಹಿಂದಿನ ರಾತ್ರಿ ನಾವು ಮಲಗಿದ ಮೇಲೆ ಕಬ್ಬಿಣದ ಸರಳನ್ನು ಒಲೆಯಲ್ಲಿ ಕಾಯಿಸಿ ಕಾಯಿಸಿ ಕೊರೆದ 32 ರಂಧ್ರಗಳಿಂದ (ಅನಂತರ ನಾನೇ ಎಣಿಸಿದೆನು) ಕಾವೇರಿಯು ನಾನಾ ಕೋನಗಳಲ್ಲಿ ಚಿಮ್ಮುತ್ತಿದ್ದಳು. ಕೃಷ್ಣರಾಜಸಾಗರದ ಕಾರಂಜಿಗೆ ಇರುವ ಬಣ್ಣದ ದೀಪಗಳೊಂದರ ಕೊರತೆ. ಎಳೆಬಿಸಿಲಿನಲ್ಲಿ ಒಣಗಲೆಂದು ಬಾಗಿಲ ಬಳಿ ಇರಿಸಿದ್ದ ಹಪ್ಪಳದ ಮೊರ, ಆ ದಿನದ ಪತ್ರಿಕೆ, ನನ್ನ ಪಂಚೆ, ಎಲ್ಲವೂ ಪುನೀತವಾದವು. ಅಷ್ಟರಲ್ಲಿ ಕಣ್ಣುಜ್ಜುತ್ತ ಬಂದ ಚಿರಂಜೀವಿಯ ಮುಖದಲ್ಲಿ ಪಶ್ಚಾತ್ತಾಪಕ್ಕಿಂತ ವೈಜ್ಞಾನಿಕ ಕುತೂಹಲವೇ ಹೆಚ್ಚಾಗಿತ್ತು.

“ಗಾಳಿ ಆಡಬೇಕಲ್ಲ ಅತ್ತೆ, ಅದಕ್ಕೆ ತೂತು.”

“ಅದಕ್ಕೆ ನನ್ನ ಡ್ರಮ್ಮೇ ಬೇಕಿತ್ತೇನೋ?”

“ಅದಕ್ಕೆ ಮುಚ್ಚಳ ಇತ್ತು ಅತ್ತೆ.”

ಈ ಉತ್ತರದ ಎದುರಿಗೆ ನಿಲ್ಲಬಲ್ಲ ತರ್ಕ ಯಾವ ದರ್ಶನದಲ್ಲಿಯೂ ಇಲ್ಲ. ಡ್ರಮ್ಮು ಹಿತ್ತಲಿಗೆ ಹೋಯಿತು. ಎರಡು ವಾರ ಚಿರಂಜೀವಿಯು ಬೀದಿಯ ಹೊಂಗೆಮರದ ತರಗೆಲೆಯನ್ನು ಗುಡಿಸಿ ತಂದನು, ಮಜ್ಜಿಗೆ ಚಿಮುಕಿಸಿದನು, ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸಿದನು; ತಾಂಬೂಲಕ್ಕೆ ಬಂದ ಮುತ್ತೈದೆಯರೂ ಆ ದರ್ಶನಭಾಗ್ಯದಿಂದ ತಪ್ಪಿಸಿಕೊಳ್ಳಲಿಲ್ಲ. ಮೂರನೆಯ ವಾರ ಯೋಗದ ತರಗತಿ ಬಿರುಸಾಯಿತು. ಡ್ರಮ್ಮು ನಾರತೊಡಗಿತು. ಹೆಂಡತಿಯು ನನ್ನ ಮುಖ ನೋಡಿದಳು. ಯಾರದೋ ಮಗುವನ್ನು ಕ್ಷಣಕಾಲ ಹಿಡಿದುಕೊಳ್ಳೆಂದು ಕೊಟ್ಟು ಹೋದವರು ಬಾರದಿದ್ದರೆ ಹೇಗೋ ಹಾಗೆ, ನಾನು ಸಿಡಿಮಿಡಿಗೊಳ್ಳುತ್ತಲೇ ಅದನ್ನು ಕೈಗೆ ತೆಗೆದುಕೊಂಡೆನು. ಹಸಿ ಹೆಚ್ಚಾದರೆ ನಾರುವುದೆಂದೂ, ಒಣ ಎಲೆ ಸೇರಿಸಿ ಅಡಿಮೇಲು ಮಾಡಿದರೆ ನಾತ ಹೋಗುವುದೆಂದೂ, ಫಿಲ್ಟರಿನ ಕಾಫಿ ಚರಟವು ಅದಕ್ಕೆ ಅಮೃತಪ್ರಾಯವೆಂದೂ ಕಲಿತವನು ನಾನು. ಕೈಯನ್ನು ಹತ್ತಿರ ಹಿಡಿದರೆ ಒಳಗಿನಿಂದ ಜ್ವರದಂತಹ ಬಿಸಿ ಬರುತ್ತಿತ್ತು. ನಾಲ್ಕನೆಯ ತಿಂಗಳಿನಲ್ಲಿ ಮುಚ್ಚಳ ತೆಗೆದಾಗ ಮೊದಲ ಮಳೆಯ ಮಣ್ಣಿನ ವಾಸನೆ. ಚಿರಂಜೀವಿಯು ಅದರ ಚಿತ್ರ ತೆಗೆದು ಅಸೈನ್‌ಮೆಂಟಿಗೆ ಅಂಟಿಸಿ ಆಂತರಿಕ ಅಂಕಗಳನ್ನು ಪೂರ್ಣವಾಗಿ ಪಡೆದನು. ಗೊಬ್ಬರದಲ್ಲಿ ತಾನೇ ಹುಟ್ಟಿದ ಕುಂಬಳದ ಬಳ್ಳಿ ನನ್ನ ಪಾಲಿಗೆ ಬಂದಿತು.

ಉಳಿದ ಶಾಸ್ತ್ರಗಳ ದಂಡಯಾತ್ರೆಯನ್ನು ವಿಸ್ತರಿಸಲಾರೆ. ಆರೋಗ್ಯ ಮತ್ತು ಕ್ಷೇಮದ ಕಾಲದಲ್ಲಿ ನನ್ನ ಎರಡನೆಯ ಕಾಫಿ ನಿಂತುಹೋಯಿತು. ಅವನು ಮುಂದಿನ ವಿಷಯಕ್ಕೆ ಹೋದರೂ ಹೆಂಡತಿಯು ಆ ಸುಧಾರಣೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಯೋಗದ ಚಾಪೆಯ ಮೇಲೆ ಈಗ ಪ್ರತಿ ಬೆಳಿಗ್ಗೆ ವಜ್ರಾಸನದಲ್ಲಿ ಕೂಡುವವನು ನಾನು. ಜಾನಪದ ಎಲೆಕ್ಟಿವ್ ಆಗಿ ಬಂದಾಗ ಅವನು ತೊಂಬತ್ತರ ಹತ್ತಿರವಿದ್ದ ನನ್ನ ತಾಯಿಯ ಮುಂದೆ ಫೋನು ಹಿಡಿದು ಕುಳಿತು, ಬೀಸುವಾಗಿನ ಹಾಡು ಹೇಳಜ್ಜಿ ಎಂದನು. ನಲವತ್ತು ವರ್ಷ ಅವಳು ಹಾಡಿದುದನ್ನು ನಾನು ಕೇಳಿರಲಿಲ್ಲ. ಬೀಸುವ ಕಲ್ಲಿನೊಡನೆ ಹಾಡೂ ಹೋಯಿತೆಂದುಕೊಂಡಿದ್ದೆನು. ಎರಡು ಸಂಜೆ ಅವಳು ಹಾಡಿದಳು, ನಡುವೆ ಮರೆತುಹೋದಲ್ಲಿ ಬಲಗೈಯನ್ನು ಗೂಟ ಹಿಡಿದು ತಿರುಗಿಸುವವಳಂತೆ ಸುತ್ತಿ ನೆನಪು ಮಾಡಿಕೊಂಡಳು. ಮೂರನೆಯ ಸಂಜೆ ತಲೆ ಬಾಚಿಕೊಂಡು ಕಾದಿದ್ದಳು. ಅವನಿಗೆ ಅಂದು ಕ್ರಿಕೆಟ್ ಇತ್ತು. ನಾನೇ ಹೋಗಿ ಫೋನು ಹಿಡಿದು ಕುಳಿತೆನು. “ನಿನಗೂ ಪರೀಕ್ಷೇನಾ?” ಎಂದು ಕೇಳಿದಳು. ಹೌದೆಂದೆನು. ಕಳೆದ ವರ್ಷ ಅವಳು ತೀರಿಕೊಂಡಳು. ಹನ್ನೊಂದು ಹಾಡುಗಳು ನನ್ನ ಫೋನಿನಲ್ಲಿವೆ.

ಇಷ್ಟೆಲ್ಲ ಹೇಳುವ ನಾನು ಯಾವ ಸಮಾಪ್ತಿಶೂರ? 1973ರಲ್ಲಿ ಸಸ್ಯಶಾಸ್ತ್ರ ಓದಬೇಕೆಂದು ಆಸೆಪಟ್ಟು, ಯುವರಾಜ ಕಾಲೇಜಿನ ಗೇಟಿನವರೆಗೆ ಹೋಗಿ, ಬ್ಯಾಂಕಿನ ನೌಕರಿಯನ್ನು ದೂರದಲ್ಲಿಯೇ ಕಂಡಿದ್ದ ತಂದೆಯವರ ಅಪ್ಪಣೆಯಂತೆ ವಾಣಿಜ್ಯಕ್ಕೆ ಹಿಂದಿರುಗಿದವನು ನಾನು. ಅಂದು ವರ್ಷಕ್ಕೊಂದೇ ಪರೀಕ್ಷೆ, ಮೂರು ವರ್ಷಕ್ಕೊಂದೇ ಬಾಗಿಲು. ನನ್ನ ಕಪಾಟಿನಲ್ಲಿ ಇಪ್ಪತ್ತನೆಯ ಪುಟದಲ್ಲಿ ಬಸ್ಸಿನ ಚೀಟಿ ಇಟ್ಟು ಮುಚ್ಚಿದ ಗ್ರಂಥಗಳು ಎಷ್ಟಿವೆಯೆಂದರೆ, ಚಿರಂಜೀವಿಯ ಐದು ಪುಟದ ನಿಯಮವು ಅವನಿಗೆ ಸೋದರಮಾವನಿಂದಲೇ ಇಳಿದುಬಂದ ಗುಣವೆಂದು ನನ್ನ ಹೆಂಡತಿಯು ನಿರ್ಧರಿಸಿರುವಳು. ಪ್ರತಿ ಆರು ತಿಂಗಳಿಗೊಮ್ಮೆ ಹೊಸ ಬಾಗಿಲು ತೆರೆಯುವ ಈ ಹುಡುಗನನ್ನು ಗದರಿಸಲು ಬಾಯಿ ತೆರೆದಾಗ ಗಂಟಲಿನಲ್ಲಿ ಮತ್ಸರವೂ ಸ್ವಲ್ಪ ಸಿಕ್ಕಿಕೊಳ್ಳುತ್ತದೆ.

ಫಲಿತಾಂಶದ ದಿನಗಳಿಗೆ ಅವನ ಬಳಿ ಒಂದು ಕವಚವಿದೆ. ಅಂತಿಮ ಪರೀಕ್ಷೆಯ 60 ಅಂಕಗಳಲ್ಲಿ ಇಂಗ್ಲಿಷು ಕೈಕೊಟ್ಟಾಗ ಅವನು ಯಾದವಗಿರಿಯ ದಿಕ್ಕಿಗೆ ಕೈತೋರಿಸಿ, ಆರ್.ಕೆ. ನಾರಾಯಣರು ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ನಪಾಸಾದವರೆಂದೂ, ಅವರ ಮನೆಯನ್ನು ಈಗ ಸಂಗ್ರಹಾಲಯ ಮಾಡಿರುವರೆಂದೂ ನೆನಪಿಸುತ್ತಾನೆ. ಅವರು ನಪಾಸಾದ ಮೇಲೆ ಆರನೆಯ ಪುಟವನ್ನೂ ಬರೆದರೆಂದು ನಾನು ಹೇಳುತ್ತೇನೆ. ಅವನು ಕೇಳಿಸಿಕೊಂಡಂತೆ ತೋರುವುದಿಲ್ಲ.

ಈ ಲೇಖನವನ್ನು ಬರೆಯಲು ಕಟ್ಟಿನಿಂದ ಒಂದು ನೋಟ್‌ಬುಕ್ಕನ್ನು ಎಳೆದುಕೊಂಡೆನು. ಲೇಬಲ್ಲಿನ ಮೇಲೆ ‘ಮನಶ್ಶಾಸ್ತ್ರ (ಓಪನ್ ಎಲೆಕ್ಟಿವ್)’ ಎಂದಿತ್ತು. ಬರೆದ ಐದು ಪುಟಗಳನ್ನು ದಾಟಿಸುವಾಗ ಕೊನೆಯದರ ಮೇಲೆ ಕಣ್ಣು ಬಿದ್ದಿತು. ‘ಗಮನಿಸಿದ ವ್ಯಕ್ತಿ: ಪುರುಷ, 68, ನಿವೃತ್ತ. ಒಂದೇ ಕುರ್ಚಿಯಲ್ಲಿ ಕೂರುತ್ತಾರೆ. ಕಾಫಿ ತಡವಾದರೆ ಪೇಪರನ್ನು ಸದ್ದು ಬರುವಂತೆ ಮಡಿಸುತ್ತಾರೆ. ನನ್ನ ಮೇಲಿನ ಸಿಟ್ಟನ್ನು ಅತ್ತೆಗೆ ಹೇಳುತ್ತಾರೆ, ನನಗೆ ಹೇಳುವುದಿಲ್ಲ. ಬೆಳಿಗ್ಗೆ ಯಾರೂ ಇಲ್ಲದಾಗ ಡ್ರಮ್ಮಿನ ಮುಚ್ಚಳ ತೆಗೆದು ಸುಮಾರು ಹತ್ತು ನಿಮಿಷ ನಿಲ್ಲುತ್ತಾರೆ. ಏಕೆ? ಕೇಳಬೇಕು.’

ಅಲ್ಲಿಗೆ ಪುಟ ಮುಗಿದಿದೆ. ಅವನು ಈವರೆಗೆ ಕೇಳಿಲ್ಲ. ಬರುವ ಸೋಮವಾರ ಆರನೆಯ ಸೆಮಿಸ್ಟರು ಆರಂಭ. ವೇಳಾಪಟ್ಟಿ ಆಗಲೇ ಕನ್ನಡಿಯ ಮೇಲೆ ಏರಿದೆ, ನನ್ನ ಹೆಂಡತಿಯು ಹೊಸ ಡ್ರಮ್ಮನ್ನು ತನ್ನ ಮಂಚದ ಪಕ್ಕಕ್ಕೆ ಸಾಗಿಸಿರುವಳು.