ಕಾಂಪೌಂಡಿನ ಆಚೆ ಫೋರ್ಜಾ, ಈಚೆ ಗ್ರಾನ್ ಟುರಿಸ್ಮೊ

ಹುಬ್ಬಳ್ಳಿ–ಧಾರವಾಡದ ನಡುವಿನ ನವನಗರದಲ್ಲಿ ಮನೆ ಕಟ್ಟಿಸಿದವರಿಗೆ ನಿಷ್ಠೆಯ ಪ್ರಶ್ನೆ ಗೃಹಪ್ರವೇಶದ ದಿನವೇ ಗಂಟುಬೀಳುತ್ತದೆ. ಹುಬ್ಬಳ್ಳಿಯವರು ನಮ್ಮನ್ನು ಧಾರವಾಡದ ಲೆಕ್ಕಕ್ಕೆ ಬರೆಯುತ್ತಾರೆ. ಧಾರವಾಡದವರು 'ನೀವು ಹುಬ್ಬಳ್ಳಿ ಮಂದಿ ಬಿಡ್ರಿ' ಅನ್ನುತ್ತಾರೆ. ಎರಡೂ ಊರು ಆರು ದಶಕಕ್ಕೂ ಹೆಚ್ಚು ಕಾಲ ಒಂದೇ ಮಹಾನಗರ ಪಾಲಿಕೆಯಡಿ ಬಾಳಿದರೂ ಈ ಎಳೆದಾಟ ನಿಂತಿಲ್ಲ. ಹೀಗಿರುವಾಗ ನಮ್ಮ ಕಾಂಪೌಂಡ್ ಗೋಡೆಯ ಆಚೆಗೊಂದು ಈಚೆಗೊಂದು ಪಕ್ಷ ಹುಟ್ಟಿಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಈಚೆ ನನ್ನ ಮಗ, ಪ್ಲೇಸ್ಟೇಷನ್ನಿನವ, ಗ್ರಾನ್ ಟುರಿಸ್ಮೊ ಎಂಬ ಕಾರು ರೇಸಿನ ಆಟದ ಭಕ್ತ. ಆಚೆ ಪಕ್ಕದ ಮನೆಯ ಕಾಕಾನ ಮೊಮ್ಮಗ, ಎಕ್ಸ್‌ಬಾಕ್ಸಿನವ, ಅಂಥದೇ ಆಟವಾದ ಫೋರ್ಜಾದ ಭಕ್ತ. ಇಬ್ಬರ ನಡುವೆ ಕಾಕಾ. ವಾಯವ್ಯ ಸಾರಿಗೆಯ ನಿವೃತ್ತ ಡ್ರೈವರ್. ಹುಬ್ಬಳ್ಳಿ–ಅಂಕೋಲಾ ರೂಟಿನಲ್ಲಿ ಅರಬೈಲ್ ಘಟ್ಟವನ್ನು ಎಷ್ಟು ಸಲ ಇಳಿದು ಹತ್ತಿದ್ದಾರೋ ಅವರಿಗೇ ಲೆಕ್ಕವಿಲ್ಲ.

"ಮಾಸ್ತರ, ನಿಮ್ಮ ಹುಡುಗ ಪಕ್ಷಾಂತರ ಮಾಡ್ಯಾನಂತಲ್ಲ?" ಎಂದರು ಕಾಕಾ, ಗೋಡೆಯ ಮೇಲೆ ಚಹಾದ ಕಪ್ಪು ಇಡುತ್ತ.

"ಯಾವ ಪಕ್ಷ ಕಾಕಾ? ಅವನಿಗಿನ್ನೂ ಓಟು ಹಾಕೋ ವಯಸ್ಸಾಗಿಲ್ಲ."

"ಓಟಿನ ಮಾತಲ್ಲರಿ. ಆ ಫೋರ್ಜಾ ತೊಗೊಂಡಾನಂತ. ನಮ್ಮಾಂವ ಮುಂಜಾನಿಂದ ಮಾರಿ ಗಂಟ ಹಾಕ್ಕೊಂಡು ಕುಂತಾನ. ನಾಷ್ಟಾ ಸೈತ ಮುಟ್ಟಿಲ್ಲ."

ಸಂಗತಿ ನಿಜ. 2025ರ ಏಪ್ರಿಲ್ 29ರಂದು ಮೈಕ್ರೋಸಾಫ್ಟಿನವರು ತಮ್ಮ ಫೋರ್ಜಾ ಹೊರೈಜನ್ 5 ಅನ್ನು ಸೋನಿಯವರ ಪ್ಲೇಸ್ಟೇಷನ್ 5ಕ್ಕೂ ಬಿಟ್ಟರು. 2005ರಲ್ಲಿ ಮೊದಲ ಫೋರ್ಜಾ ಹುಟ್ಟಿದ್ದೇ ಗ್ರಾನ್ ಟುರಿಸ್ಮೊವನ್ನು ಸೋಲಿಸಲಿಕ್ಕೆ. 20 ವರ್ಷ ಎರಡೂ ಕಡೆಯ ಹುಡುಗರು 'ನಿಮ್ಮದು ಆಟಿಗೆ, ನಮ್ಮದು ಖರೇ ರೇಸು' ಎಂದು ಬಡಿದಾಡಿದ್ದಾರೆ. ಈಗ ಒಬ್ಬರ ಕುದುರೆಯನ್ನು ಇನ್ನೊಬ್ಬರ ಲಾಯದಲ್ಲಿ ಕಟ್ಟಿದ ಮೇಲೆ ಬಡಿದಾಟ ಯಾವ ಮುಖದಿಂದ? ನನ್ನ ಮಗ ದಸರೆಯ ರಜೆಯಲ್ಲಿ ಸದ್ದಿಲ್ಲದೆ ಅದನ್ನು ಕೊಂಡ. ಕಾಕಾನ ಮೊಮ್ಮಗನ ತಕರಾರು ಅವನು ಕೊಂಡದ್ದಕ್ಕಲ್ಲ. ಆಡಿ 'ಚಲೋ ಐತಲ್ಲೋ' ಅಂದದ್ದಕ್ಕೆ. ವೈರಿ ಹೊಗಳಿದರೆ ಅಭಿಮಾನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಕಾಕಾಗೆ ಈ ಜಗಳದ ಪೂರ್ವಾಪರ ಬೇಕಿತ್ತು. ನಾನು ಅವರಿಗೆ ತಿಳಿಯುವ ಇಸವಿಯಿಂದ ಶುರುಮಾಡಿದೆ. ಅವರ ಸಂಸ್ಥೆ ಕೆಎಸ್ಸಾರ್ಟಿಸಿಯಿಂದ ಬೇರೆಯಾಗಿ ಹುಬ್ಬಳ್ಳಿಯಲ್ಲಿ ತನ್ನ ಸಂಸಾರ ಹೂಡಿದ್ದು 1997ರ ನವೆಂಬರ್ 1ಕ್ಕೆ. ಅದೇ ವರ್ಷ ಡಿಸೆಂಬರ್ 23ಕ್ಕೆ ಜಪಾನಿನಲ್ಲಿ ಮೊದಲ ಗ್ರಾನ್ ಟುರಿಸ್ಮೊ ಬಂತು. ಕಜುನೋರಿ ಯಮಾವುಚಿ ಎಂಬ ಕಾರಿನ ಹುಚ್ಚ ಐದು ವರ್ಷ ಒದ್ದಾಡಿ ಮಾಡಿದ ಆಟ. ಅದರಲ್ಲಿದ್ದ ಸುಮಾರು 140 ಕಾರುಗಳಲ್ಲಿ ಎಷ್ಟೋ ಮನೆಮಂದಿಯ ಸಾದಾ ಕಾರುಗಳು. ಸೆಕೆಂಡ್ ಹ್ಯಾಂಡ್ ಗಾಡಿಯೊಂದನ್ನು ಕೊಂಡು, ಸಣ್ಣ ರೇಸು ಗೆದ್ದು, ಬಂದ ದುಡ್ಡಿನಲ್ಲಿ ಸೈಲೆನ್ಸರ್ ಬದಲಿಸಿ, ಮತ್ತೊಂದು ರೇಸಿಗೆ ಹೋಗಬೇಕು. ದೊಡ್ಡ ರೇಸಿಗೆ ಇಳಿಯಬೇಕೆಂದರೆ ಮೊದಲು ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು.

"ಆಟದಾಗೂ ಲೈಸೆನ್ಸ್ ಐತೇನ್ರಿ?"

"ಇದೆ ಕಾಕಾ. ಗೆರೆಯೊಳಗೆ ಬ್ರೇಕ್ ಹಾಕಿ ನಿಲ್ಲಿಸೋದು, ತಿರುವು ಸರಿಯಾಗಿ ತೊಗೊಳ್ಳೋದು, ಎಲ್ಲಾ."

"ಏಜಂಟ್ ಇರತಾನೇನು?"

"ಇಲ್ಲ."

"ಹಂಗಾರ ಭಾಳ ಕಠಿಣ ಐತಿ ಬಿಡ್ರಿ."

ಕಾಕಾ ಅಲ್ಲಿಗೆ ಗ್ರಾನ್ ಟುರಿಸ್ಮೊದ ಕಡೆ ಆದರು. ಆದರೆ ಆ ಆಟದಲ್ಲಿ ಕಾರು ಗೋಡೆಗೆ ಗುದ್ದಿದರೆ ಗೀರೂ ಬೀಳುತ್ತಿರಲಿಲ್ಲ, 2010ರ ಐದನೇ ಕಂತಿನವರೆಗೂ ಹೀಗೇ ನಡೆಯಿತು ಎಂದೆ. ಫೋರ್ಜಾದವರು ಮೊದಲ ಆಟದಲ್ಲೇ ಬಂಪರ್ ಮುರಿದು ತೋರಿಸಿದ್ದರು. ಕಾಕಾ ಕಪ್ಪು ಕೆಳಗಿಟ್ಟರು. "ಬಡದರ ನೆಗ್ಗಬೇಕ್ರಿ. ನೆಗ್ಗಿದರ ಡಿಪೋದಾಗ ಮೆಮೊ ಕೊಡಬೇಕು. ಇಲ್ಲಾಂದ್ರ ಡ್ರೈವರಗ ಅಂಜಿಕಿ ಎಲ್ಲಿಂದ ಬರಬೇಕು?" ಎಂದು ಫೋರ್ಜಾಕ್ಕೆ ಹಾರಿದರು. ಫೋರ್ಜಾದಲ್ಲಿ 2009ರ ಮೂರನೇ ಕಂತಿನಿಂದ ಒಂದು ಗುಂಡಿ ಇದೆ. ತಿರುವಿನಲ್ಲಿ ಎಡವಟ್ಟಾದರೆ ಅದನ್ನೊತ್ತಿ ಕಾಲವನ್ನೇ ಕೆಲವು ಸೆಕೆಂಡು ಹಿಂದಕ್ಕೆ ಸರಿಸಿ ಮತ್ತೆ ಓಡಿಸಬಹುದು ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಮೊಮ್ಮಗನನ್ನು ಕೂಗಿ ಕರೆದು ಕೇಳಿದರು. ಅವನು ಮುಖ ಗಂಟಿಕ್ಕಿಕೊಂಡೇ ಹೌದೆಂದ. "ಹಂಗಾರ ಅದು ಡ್ರೈವಿಂಗ್ ಅಲ್ಲಪಾ, ದೇವರ ಕೆಲಸ" ಎಂದು ಕಾಕಾ ವಾಪಸು ಬಂದರು.

ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಇಷ್ಟು ಸಲ ಪಕ್ಷ ಬದಲಿಸಿದವರು ನಮ್ಮ ವಿಧಾನಸಭೆಯಲ್ಲೂ ಕಡಿಮೆ. ಕಾಕಾನ ಬದಲಾವಣೆಗೆ ಪ್ರತಿ ಸಲವೂ ಒಂದು ಕಾರಣ ಇತ್ತು ಅನ್ನುವುದೇ ವ್ಯತ್ಯಾಸ. ಖರೇ ಅಭಿಮಾನಿಗಳಲ್ಲಿ ನಾನು ಕಂಡದ್ದು ಇದರ ಉಲ್ಟಾ. ಮೊದಲು ಪಕ್ಷ, ಆಮೇಲೆ ಕಾರಣ. ಅಪ್ಪ ಧಾರವಾಡದ ಲೈನ್ ಬಜಾರಿನಿಂದ ಠಾಕೂರ ಪೇಢೆ ತರುತ್ತಿದ್ದ ಮನೆಯ ಮಗ ಮಿಶ್ರಾ ಪೇಢೆಯಲ್ಲಿ ಸಕ್ಕರೆ ಹೆಚ್ಚು ಅನ್ನುತ್ತಾನೆ. ಮಿಶ್ರಾ ಮನೆಯವ ಠಾಕೂರ ಪೇಢೆಯ ಸಾಲಿನಲ್ಲಿ ನಿಲ್ಲುವವರನ್ನು ಕಂಡು ನಗುತ್ತಾನೆ. ಕಣ್ಣು ಕಟ್ಟಿ ಬಾಯಿಗಿಟ್ಟರೆ ಇಬ್ಬರೂ ತಡವರಿಸುತ್ತಾರೆ. ಟೈರಿನ ಹಿಡಿತ, ಸಸ್ಪೆನ್ಷನ್ನಿನ ಲೆಕ್ಕ ಎಂದೆಲ್ಲ ಹುಡುಗರು ವಾದಿಸುವುದು ನಿಜ, ಆದರೆ ಮನೆಗೆ ಮೊದಲು ಬಂದ ಡಬ್ಬಿ ಯಾವುದು ಎಂಬುದು ಆ ವಾದವನ್ನು ಯಾವತ್ತೋ ತೀರ್ಮಾನಿಸಿರುತ್ತದೆ. 2005ರ ಆಸುಪಾಸಿನಲ್ಲಿ ವಿದ್ಯಾನಗರದ ಸೈಬರ್ ಕೆಫೆಗಳಲ್ಲಿ ಬಿವಿಬಿ ಕಾಲೇಜಿನ ಹುಡುಗರೆಲ್ಲ ನೀಡ್ ಫಾರ್ ಸ್ಪೀಡಿನ ಪರಮಭಕ್ತರು. ಯಾಕೆಂದರೆ ಆ ಕಂಪ್ಯೂಟರುಗಳಲ್ಲಿ ಇದ್ದದ್ದು ಅದೊಂದೇ, ಜತೆಗೆ ರೋಡ್ ರ‍್ಯಾಷು.

ನನ್ನ ತಮ್ಮನ ಕತೆ ಕೇಳಿ. ಚಿಪ್ ಹಾಕಿಸಿದ ಪಿಎಸ್2, ಅದರಲ್ಲಿ ಗ್ರಾನ್ ಟುರಿಸ್ಮೊ 4. ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ 24 ಗಂಟೆಯ ರೇಸು ಅದರಲ್ಲಿತ್ತು. ನಡುವೆ ಉಳಿಸಿಟ್ಟು ಏಳುವ ಸೌಲಭ್ಯವಿಲ್ಲ. ಆದರೆ ಸ್ಟೇರಿಂಗನ್ನು ಕಂಪ್ಯೂಟರ್ ಡ್ರೈವರನಿಗೆ ಒಪ್ಪಿಸಿ ನಾವು ಮ್ಯಾನೇಜರಿಕೆ ಮಾಡಬಹುದು. ತಮ್ಮ ಹಾಗೆ ಒಪ್ಪಿಸಿ ಮಲಗಿದ. ಬೆಳಗಿನ ಜಾವ ಕರೆಂಟು ಹೋಯಿತು. ಜಪಾನಿನವರು ಆಟ ಮಾಡುವಾಗ ಟೈರಿನ ಸವೆತವನ್ನೂ ಲೆಕ್ಕ ಹಾಕಿದ್ದರು, ಬೇಸಿಗೆಯ ಹುಬ್ಬಳ್ಳಿಯನ್ನು ಬಿಟ್ಟು. ಆದರೂ ಅವನ ನಿಷ್ಠೆ ಅಲುಗಲಿಲ್ಲ. ಅಲುಗಿದ್ದು ಕಾಯುವುದರಲ್ಲಿ. ನಾಲ್ಕನೆಯದು ಬಂದದ್ದು 2004ರ ಕೊನೆಗೆ, ಐದನೆಯದು 2010ರ ನವೆಂಬರಿಗೆ. ಈ ನಡುವೆ ಅವನ ಡಿಗ್ರಿ ಮುಗಿಯಿತು, ಬೆಂಗಳೂರಿನಲ್ಲಿ ನೌಕರಿಯಾಯಿತು, ರೂಮಿನ ಗೆಳೆಯ ಎಕ್ಸ್‌ಬಾಕ್ಸ್ ತಂದ, ಫೋರ್ಜಾದ ಎರಡನೆಯದೂ ಮೂರನೆಯದೂ ಬಂದುಹೋದವು. ತಮ್ಮ ಆಚೆ ದಾಟಿದ. ಕೇಳಿದರೆ 'ಫಿಸಿಕ್ಸ್ ಚಲೋ ಐತಿ' ಅಂದ. ರೂಮಿನ ಗೆಳೆಯನ ಹೆಸರು ಎತ್ತಲಿಲ್ಲ.

ಕಂಪನಿಗಳೂ ತಮ್ಮ ಭಕ್ತರನ್ನು ಓಡಿಸಲು ಕೈಲಾದದ್ದು ಮಾಡಿವೆ. ಗ್ರಾನ್ ಟುರಿಸ್ಮೊ 7 ಬಂದ ತಿಂಗಳಲ್ಲೇ, 2022ರ ಮಾರ್ಚಿನಲ್ಲಿ, ಒಂದು ಅಪ್‌ಡೇಟ್ ಹಾಕಲು ಹೋಗಿ ಅವರ ಸರ್ವರ್ ಒಂದು ದಿನಕ್ಕೂ ಹೆಚ್ಚು ಹೊತ್ತು ಬಿದ್ದುಕೊಂಡಿತು. ಒಬ್ಬನೇ ಕೂತು ಆಡುವ ಆಟಕ್ಕೂ ಇಂಟರ್‌ನೆಟ್ ಬೇಕಿದ್ದರಿಂದ ದುಡ್ಡು ಕೊಟ್ಟವರೆಲ್ಲ ಕಪ್ಪು ಪರದೆ ನೋಡುತ್ತ ಕೂತರು. ಸಾಲದ್ದಕ್ಕೆ ರೇಸಿನ ಬಹುಮಾನಗಳನ್ನೂ ಕಡಿಮೆ ಮಾಡಿದ್ದರು. ಬೈಗುಳ ಬಿದ್ದ ಮೇಲೆ ಕ್ಷಮೆ ಕೇಳಿ, ಆಟದೊಳಗಿನ 10 ಲಕ್ಷ ಕ್ರೆಡಿಟ್ ಹಂಚಿದರು. ಫೋರ್ಜಾದವರೇನು ಕಡಿಮೆ? 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್ ಆಟದಲ್ಲಿ ಪ್ರತಿ ಕಾರನ್ನೂ ಗಂಟೆಗಟ್ಟಲೆ ಓಡಿಸಿ 'ಲೆವೆಲ್' ಏರಿಸದೆ ಅದರ ಎಲ್ಲ ಬಿಡಿಭಾಗಗಳನ್ನು ಬದಲಿಸಲು ಬಿಡಲಿಲ್ಲ. ಮಂದಿ ಎದ್ದುಹೋಗತೊಡಗಿದ ಮೇಲೆ ಸಡಿಲಿಸಿದರು. ಅವರ ಹೊರೈಜನ್ 4 ಅಂತೂ ಕಾರು, ಹಾಡುಗಳ ಲೈಸೆನ್ಸ್ ಅವಧಿ ಮುಗಿದು 2024ರ ಡಿಸೆಂಬರ್ 15ಕ್ಕೆ ಅಂಗಡಿಯಿಂದಲೇ ಮಾಯವಾಯಿತು. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಸಾವಿರಾರು ಜನರನ್ನು ಮನೆಗೆ ಕಳಿಸಿದಾಗ, ಫೋರ್ಜಾ ಹುಟ್ಟಿಸಿದ ಟರ್ನ್ 10 ಸ್ಟುಡಿಯೋಗೂ ಜೋರು ಪೆಟ್ಟು ಬಿತ್ತು. ಕಾಕಾನ ಮೊಮ್ಮಗ ಅಂದೇ ಅರ್ಧ ಸೋತಿದ್ದ ಎಂದು ನನ್ನ ಗುಮಾನಿ.

"ಅದಿರಲಿ, ಕೂತು ಹೊಡೀಲಾರದ ಮಾತಾಡಿದ್ರ ಹೆಂಗ?" ಎಂದು ಕಾಕಾ ಗೇಟು ಸುತ್ತಿಕೊಂಡು ನಮ್ಮ ಮನೆಗೇ ಬಂದರು. ಮಗ ಸ್ಟೇರಿಂಗು, ಪೆಡಲು ಜೋಡಿಸಿ, ಗ್ರಾನ್ ಟುರಿಸ್ಮೊ 7ರಲ್ಲಿ ಅದೇ ನ್ಯೂರ್ಬರ್ಗ್‌ರಿಂಗಿನ ಹಳೇ ರಸ್ತೆ ಹಚ್ಚಿದ. ಆ ರಸ್ತೆಯ ಒಂದು ಸುತ್ತು 20.8 ಕಿ.ಮೀ. ನಮ್ಮ ಚಿಗರಿ ಬಸ್ಸಿನ ಹುಬ್ಬಳ್ಳಿ–ಧಾರವಾಡ ಹಾದಿ 22.25. ಅಂದರೆ ಒಂದು ಸುತ್ತು ಹೊಡೆದರೆ ಹೆಚ್ಚೂಕಡಿಮೆ ಧಾರವಾಡ ಮುಟ್ಟಿದ ಹಾಗೆ, ಬರೀ ಕಾಡು, ಏರು, ಇಳುಕಲು, ಕುರುಡು ತಿರುವುಗಳ ನಡುವೆ. ಕಾಕಾ ಸುಜುಕಿ ಸ್ವಿಫ್ಟ್ ಆರಿಸಿಕೊಂಡರು, 'ಗೊತ್ತಿದ್ದ ಗಾಡಿ' ಎಂದು. ಮೊದಲ ಇಳಿಜಾರಿನಲ್ಲೇ ಮಗ "ಜೋರ್ ಹೊಡೀರಿ ಅಜ್ಜಾ" ಎಂದ. ಅವರು ಹೊಡೆಯಲಿಲ್ಲ. ಬ್ರೇಕನ್ನು ಮುಂಚೆಯೇ ಮೆತ್ತಗೆ ಒತ್ತಿ, ಗೇರ್ ಇಳಿಸಿ, ಗಾಡಿಯನ್ನು ತಿರುವಿನೊಳಗೆ ಜಾರಿಸಿದರು. ಮಗನ ಚಕ್ರ ದಿನಾಲೂ ಹುಲ್ಲಿಗೆ ಹೋಗುವ ಜಾಗದಲ್ಲಿ ಕಾಕಾನ ಸ್ವಿಫ್ಟ್ ಗೆರೆ ಹಿಡಿದಂತೆ ಹೋಯಿತು.

"ಬ್ರೇಕ್ ಹಾಕಿದರ ಮೂಗು ತಗ್ಗತೈತಿ, ಹಿಂದಿನ ಗಾಲಿ ಹಗೂರ ಆಕ್ಕಾವು. ಅದು ಗೊತ್ತಾತು ಕೈಗೆ. ಇದನ್ನ ಮಾಡಿದಾಂವ ಗಾಡಿ ಹೊಡದಾನ" ಎಂದರು.

ಹೌದು, ಹೊಡೆದಿದ್ದಾನೆ. ಯಮಾವುಚಿ ಅದೇ ರಸ್ತೆಯ 24 ಗಂಟೆ ರೇಸಿನಲ್ಲಿ ತಾನೇ ಸ್ಟೇರಿಂಗ್ ಹಿಡಿದು 2011ರಲ್ಲೂ 2012ರಲ್ಲೂ ತನ್ನ ವರ್ಗದಲ್ಲಿ ಗೆದ್ದ ತಂಡದಲ್ಲಿದ್ದವನು. ಇದನ್ನು ಕೇಳಿ ಕಾಕಾನ ಮುಖ ಅರಳಿತು. ಆಫೀಸಿನಲ್ಲಿ ಕೂತು ರನ್ನಿಂಗ್ ಟೈಮ್ ಗೀಚುವವರ ಬಗ್ಗೆ ಅವರಿಗೆ ಹಳೆಯ ಸಿಟ್ಟಿದೆ.

ಆಮೇಲೆ ಫೋರ್ಜಾ ಹೊರೈಜನ್. ಮೆಕ್ಸಿಕೋ ದೇಶ, ಎತ್ತ ಬೇಕಾದತ್ತ ಹೋಗಬಹುದು. ಕಾಕಾ ರಸ್ತೆ ಬಿಟ್ಟು ಕೆಳಗಿಳಿಯಲೊಲ್ಲರು. "ಹೊಲದಾಗ ಹೊಕ್ಕರ ಬೆಳಿ ಹಾಳಾಗೂದಿಲ್ಲೇನು? ಯಾರೂ ಬಡಿಗಿ ಹಿಡಕೊಂಡು ಬರೂದಿಲ್ಲ?" ಆದರೆ ಸಣ್ಣ ಊರುಗಳ ಓಣಿ, ಬಣ್ಣದ ಮನೆ, ಗುಡಿಯ ಮುಂದಿನ ಚೌಕ ಬಂದಾಗ ವೇಗ ತಗ್ಗಿಸಿ ನೋಡುತ್ತ ಹೋದರು. "ಇದರಾಗ ಊರು ಅದಾವು. ಅದರಾಗ ಬರೀ ರಸ್ತೆ." ಎರಡು ಆಟಗಳ ಮೇಲೆ ಬಂದ ಪುಟಗಟ್ಟಲೆ ವಿಮರ್ಶೆ ಓದಿದ್ದೇನೆ. ಇಷ್ಟು ಚೊಕ್ಕಾಗಿ ಯಾರೂ ಹೇಳಿರಲಿಲ್ಲ. ಇದರ ಮುಂದಿನ ಹೊರೈಜನ್ ಜಪಾನಿನಲ್ಲಿ ನಡೆಯುತ್ತದೆ ಎಂದು 2025ರ ಸೆಪ್ಟೆಂಬರಿನಲ್ಲಿ ಅಲ್ಲಿಗೇ ಹೋಗಿ ಸಾರಿದರು. ಬೀಗರ ಅಂಗಳದಲ್ಲೇ ಚಪ್ಪರ ಹಾಕಿದ್ದಾರೆ ಅನ್ನಿ.

"ನಮ್ಮ ರಸ್ತೆ ಯಾವುದರಾಗೂ ಇಲ್ಲೇನು?" ಎಂದು ಕಾಕಾ ಕೇಳಿದಾಗ ಮಗ ತಲೆ ಕೆರೆದುಕೊಂಡ. 2011ರ ಎಫ್1 ಆಟದಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಇತ್ತು. ಅಲ್ಲಿ ಖರೇ ರೇಸು ನಡೆಯುವುದಕ್ಕೆ ತಿಂಗಳ ಮೊದಲೇ ಹುಡುಗರು ಮನೆಯಲ್ಲಿ ಓಡಿಸಿಯಾಗಿತ್ತು. ಅದು ಬಿಟ್ಟರೆ ನಮ್ಮ ಕಡೆಯದೆಂದು ನೆನಪಾಗುವುದು ಮೊಬೈಲಿನ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. 2017ರಲ್ಲಿ ಮಾಲಿಯೊ ಎಂಬ ಇಂಡೋನೇಷ್ಯಾದ ಕಂಪನಿ ಮಾಡಿದ್ದು. ಬಸ್ಸಿನ ಮೈಗೆ ಬೇಕಾದ ಬಣ್ಣ ಬಳಿಯಬಹುದು, ಬೇಕಾದ ಬಸ್ಸನ್ನೇ ಕೂಡಿಸಬಹುದು ಎಂದು ಬಾಗಿಲು ತೆರೆದಿಟ್ಟರು. ಅಷ್ಟು ಸಾಕಾಯಿತು, ಕರ್ನಾಟಕದ ಹುಡುಗರು ಐರಾವತ, ಕೆಂಪು ಬಸ್ಸು, ಸ್ಲೀಪರು ಎಲ್ಲವನ್ನೂ ಅದರೊಳಗೆ ತಂದು ನಿಲ್ಲಿಸಿದರು. ಕಾಕಾನ ಮೊಬೈಲಿನಲ್ಲೂ ಅದಿದೆ ಎಂಬುದು ಆಗ ಹೊರಬಿತ್ತು. ಜಾವಾ ದ್ವೀಪದ ರಸ್ತೆಯ ಮೇಲೆ ವಾಯವ್ಯ ಸಾರಿಗೆಯ ಗಾಡಿ! ಅದರ ಬಗ್ಗೆಯೂ ಅವರಿಗೆ ತಕರಾರುಂಟು. "ಒಬ್ಬಾರೂ ಚಿಲ್ಲರಕ್ಕ ಜಗಳ ತಗಿಯೂದಿಲ್ಲ, ಆಧಾರ್ ಕಾರ್ಡ್ ಮರತು ಬಂದ ಹೆಣ್ಮಕ್ಕಳು ಇಲ್ಲ. ಅದೆಂಥಾ ಬಸ್ಸು?"

ಅಷ್ಟೊತ್ತಿಗೆ ಮೊಮ್ಮಗ ಗೋಡೆ ಹಾರಿ ಬಂದಿದ್ದ. ಎಕ್ಸ್‌ಬಾಕ್ಸನ್ನು ಮಾರುತ್ತೇನೆಂದೂ, ಇನ್ನು ಮುಂದೆ ಕಂಪ್ಯೂಟರಿನಲ್ಲಿ ಅಸೆಟ್ಟೊ ಕೊರ್ಸಾ ಮಾತ್ರವೆಂದೂ ಘೋಷಿಸಿದ. ಇಟಲಿಯ ಕುನೊಸ್ ಎಂಬ ಸಣ್ಣ ಕಂಪನಿ 2014ರಲ್ಲಿ ಬಿಟ್ಟ ಆ ಆಟ ಇಷ್ಟು ವರ್ಷ ಬಾಳಿದ್ದು ಮಂದಿ ತಾವೇ ಕಾರು, ರಸ್ತೆ ಮಾಡಿ ಸೇರಿಸಿದ್ದರಿಂದ. ನನ್ನ ಮಗನ ಕಿವಿ ನೆಟ್ಟಗಾದವು. ಉಪಗ್ರಹದ ನಕ್ಷೆಯಿಂದ ಏರಿಳಿತ ತೆಗೆದರೆ ಅರಬೈಲ್ ಘಟ್ಟವನ್ನೇ ಮಾಡಬಹುದಲ್ಲ ಎಂದು ಇಬ್ಬರೂ ಲ್ಯಾಪ್‌ಟಾಪ್ ತೆರೆದು ಕೂತರು. ತಿರುವುಗಳ ಲೆಕ್ಕದಲ್ಲಿ ಕೂಡಲೇ ಜಗಳ ಹತ್ತಿತು. ಕಾಕಾ ಕನ್ನಡಕ ಏರಿಸಿ ಪರದೆಯನ್ನು ನೋಡಿದರು.

"ರಸ್ತೆ ಆಮ್ಯಾಲೆ ಮಾಡ್ರಿ. ಮೊದಲ ದೊಡ್ಡ ತಿರುವಿನ್ಯಾಗ ಒಂದು ಲಾರಿ ಕೆಡಸಿ ನಿಂದರಸ್ರಿ, ಹಿಂದ ಕಲ್ಲು ಇಟ್ಟು, ಗಿಡದ ಟೊಂಗಿ ಚುಚ್ಚಿ. ಅದಿಲ್ಲಂದ್ರ ಅದು ಅರಬೈಲ್ ಹೆಂಗ ಆಗತೈತಿ?"