ಕೊಡೆ ಬಿಡಿಸಿ ಹೇಳಿದ್ದು

ನಮ್ಮನೆ ಬಾಗಿಲ ಹಿಂದಿನ ಮೊಳೆಗೆ ಒಂದು ಕರೀ ಕೊಡೆ ನೇತುಬಿದ್ದಿದೆ. ತೀರ್ಥಹಳ್ಳಿಯ ಅಜ್ಜನದು. ಬೆತ್ತದ ಹಿಡಿ, ಮುರಿದ ಒಂದು ಕಡ್ಡಿಗೆ ತಂತಿಯ ಕಟ್ಟು. ನೆತ್ತಿಯ ಹತ್ತಿರ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಹದಿಮೂರರ ಮಗಳಿಗೆ ಕೊರಿಯರ್‌ನಲ್ಲಿ ‘ಆ್ಯಂಟಿ ಏಜಿಂಗ್’ ಸೀರಮ್ ಬಂದ ದಿನ ಅದು ಮೊಳೆಯ ಮೇಲೇ ಕಟಕಟ ಅಂದಿತು. ನಗುವೋ ಕೆಮ್ಮೋ ತಿಳಿಯಲಿಲ್ಲ. ಪೆನ್ನು ತಗೊಂಡು ಎದುರಿಗೆ ಕೂತೆ.

ಯಾಕೆ ನಗ್ತೀರಿ?

— ನಗದೆ ಎಂತ ಮಾಡ್ಲಿ ಮಾರಾಯ? ಆ ಹುಡುಗಿಯ ಕೊನೇ ಹಾಲುಹಲ್ಲು ಬಿದ್ದದ್ದು ಮೊನ್ನೆ ಮೊನ್ನೆ. ಆಗಲೇ ಸುಕ್ಕು ತಡೆಯುವ ಶೀಶೆ!

ಬೇಗ ಶುರು ಮಾಡಿದಷ್ಟೂ ಒಳ್ಳೇದಂತೆ. ರೆಟಿನಾಲ್ ಇದೆ ಅದರಲ್ಲಿ.

— ಅದರ ಮನೆತನ ನಂಗೆ ಗೊತ್ತು. ಅದರ ದೊಡ್ಡಣ್ಣ ಟ್ರೆಟಿನಾಯಿನ್ ಮೊದಲು ಮೊಡವೆಯ ಔಷಧಿ. ಹಚ್ಚಿಕೊಂಡ ನಡುವಯಸ್ಸಿನವರ ಮುಖದ ಗೆರೆಗಳೂ ತಿಳಿಯಾದವು ಅಂತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಗಮನಿಸಿದ. 1986ರಲ್ಲಿ ಅವನ ತಂಡ ಅದನ್ನ ಬರೆದು ಪ್ರಕಟಿಸಿತು. ಕೆಲಸ ಮಾಡುತ್ತೆ, ಸುಳ್ಳಲ್ಲ. ಅದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಏನೇನೋ ಬಳಿದು ಪ್ರಯೋಗ ಮಾಡಿದವ. ಅದು ಶೀಶೆಯ ಮೇಲೆ ಅಚ್ಚಾಗಲ್ಲ. ಇರಲಿ. ಬೆಂದ ಚರ್ಮದ ಮದ್ದನ್ನ ಇನ್ನೂ ಬೇಯದ ಚರ್ಮಕ್ಕೆ ಹಚ್ಚಿದ್ರೆ ಉರಿ ಬರುತ್ತೆ, ಸಿಪ್ಪೆ ಏಳುತ್ತೆ, ಬಿಸಿಲೂ ಇನ್ನಷ್ಟು ಚುರುಕ್ ಅನ್ನುತ್ತೆ.

ಇದೆಲ್ಲ ನಿಮಗೆ ಹೇಗೆ ಗೊತ್ತು?

— ನಿನ್ನ ಹೆಂಡತಿ ಡಾಕ್ಟರುಗಳ ವಿಡಿಯೊ ಹಾಕ್ಕೊಂಡು ಬೀನ್ಸ್ ಮುರೀತಾಳಲ್ಲ, ನಾನೂ ಇಲ್ಲೇ ಇರ್ತೀನಿ.

ಆದರೂ ನೀವು ಮಳೆಗಾಲದ ಸಾಮಾನು. ಚರ್ಮದ ವಿಷಯ ನಿಮಗ್ಯಾಕೆ?

(ಕಡ್ಡಿಗಳೆಲ್ಲ ಒಮ್ಮೆಲೇ ಬಿರುಸಾದವು.)

— ಯಾರು ಹೇಳಿದ್ದು? ಸಂಸ್ಕೃತದಲ್ಲಿ ನನ್ನ ಹೆಸರು ಆತಪತ್ರ. ಆತಪ ಅಂದ್ರೆ ಬಿಸಿಲು, ಅದರಿಂದ ಕಾಯೋದು ನಾನು. ಹಳಗನ್ನಡದ ರಾಜರಿಗೆ ಬೆಳ್ಗೊಡೆ ಹಿಡಿದದ್ದು ಸೋನೆಮಳೆ ಬರುತ್ತೆ ಅಂತಲೋ? ಮಳೆಗೆ ನಮ್ಮ ಕಡೆ ಗೊರಬು ಇತ್ತು. ಬಗ್ಗಿ ನಾಟಿ ಮಾಡೋರ ಬೆನ್ನಿಗೆ ಅದೇ ಸೈ. ಇನ್ನು ಆ ಗಾದೆ ಬೇರೆ! ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡೀತಾನಂತೆ. ಅಲ್ಪ ಅವನು, ಮಾನ ಹೋದದ್ದು ನಂದು. ಈಗ ಅರ್ಧರಾತ್ರಿಗೆ ಐದು ಪದರ ಬಳ್ಕೊಂಡು ಮಲಗೋರ ಮೇಲೂ ಒಂದು ಗಾದೆ ಕಟ್ಟಿ ನೋಡುವ.

ವಯಸ್ಸಾದರೆ ಸುಕ್ಕು ಬಂದೇ ಬರುತ್ತೆ. ಬಿಸಿಲಿನ ಮೇಲೆ ಗೂಬೆ ಕೂರಿಸೋದ್ಯಾಕೆ?

— ನಿನ್ನ ಅಜ್ಜಿಯನ್ನ ನೆನಪಿಸ್ಕೋ. ಅಂಗಳದಲ್ಲಿ ಅಡಿಕೆ ಹರವಿ, ತಿರುವಿ, ಕಾಗೆ ಓಡಿಸಿ, ಮುಖ ಚಾಲಿ ಅಡಿಕೆ ಥರಾನೇ ಆಗಿತ್ತು. ಒಂದಿನ ಬಾವಿಕಟ್ಟೆ ಹತ್ರ ರವಿಕೆ ತೋಳು ಮೇಲಕ್ಕೆ ಸರಿಸಿ ಕೈ ತೊಳೀತಿದ್ಲು. ಗೆರೆ ಎಳೆದಂಗೆ, ಅಲ್ಲಿಂದ ಮೇಲೆ ಬಾಳೆದಿಂಡು! ಎಂಬತ್ತರ ಮುದುಕಿಯ ತೋಳಲ್ಲಿ ಅಷ್ಟು ನುಣುಪು. ರವಿಕೆಯ ಅಂಚು ದಾಟಿ ಬಿಸಿಲು ಒಳಗೆ ಹೋಗಿರಲಿಲ್ಲ, ಅಷ್ಟೆ.

ಚರ್ಮದ ಒಳಗೆ ಕೊಲಾಜನ್ ಅಂತ ಎಳೆಗಳಿವೆ. ಮಂಚದ ನವಾರು ಅಂದ್ಕೋ. ಬಿಸಿಲಿನ ನೇರಳಾತೀತ ಕಿರಣ ಅದನ್ನ ಕತ್ತರಿಸೋ ಕಿಣ್ವಗಳನ್ನ ಎಬ್ಬಿಸುತ್ತೆ, ನವಾರು ಜೋಲು ಬೀಳುತ್ತೆ. ಬೀಡಿ ಸಿಗರೇಟೂ ಅದೇ ಕೆಲಸ ಮಾಡುತ್ತೆ. ಅಮೆರಿಕದಲ್ಲೊಬ್ಬ ಸರಕು ಗಾಡಿ ಓಡಿಸೋನು, 69 ವರ್ಷ, 28 ವರ್ಷ ಸ್ಟಿಯರಿಂಗ್ ಹಿಡಿದವ. 2012ರಲ್ಲಿ ಅವನ ಫೋಟೊ ವೈದ್ಯರ ಪತ್ರಿಕೆಯಲ್ಲಿ ಬಂತು. ಕಿಟಕಿ ಕಡೆಯ ಎಡಗೆನ್ನೆ ಉತ್ತ ಗದ್ದೆ, ಬಲಗೆನ್ನೆ ಅವನ ತಮ್ಮನದೇನೋ ಅನ್ನಬೇಕು! ಯುವಿ-ಎ ಅನ್ನೋದು ಗಾಜು ದಾಟಿ ಬರುತ್ತೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕೆ. ನಿನ್ನ ಕ್ಯಾಬಿನವನ ಬಲಗೆನ್ನೆ ಒಮ್ಮೆ ನೋಡು.

ಅದಕ್ಕೇ ಸನ್‌ಸ್ಕ್ರೀನ್ ಇದೆಯಲ್ಲ?

— ಅವನ ಮೇಲೆ ನಂಗೆ ಹೊಟ್ಟೆಕಿಚ್ಚಿಲ್ಲ. (ಇತ್ತು. ಹಿಡಿ ನಡುಗಿದ್ದು ನಾನೇ ಕಂಡೆ.) ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ 55ರೊಳಗಿನ 903 ಮಂದಿಯನ್ನ ನಾಲ್ಕೂವರೆ ವರ್ಷ ನೋಡಿದ್ರು. ದಿನಾ ಹಚ್ಚಿ ಅಂತ ಹೇಳಿಸ್ಕೊಂಡವರ ಚರ್ಮದ ಮುಪ್ಪು, ಬೇಕಾದಾಗ ಹಚ್ಚಿದವರಿಗಿಂತ ಶೇಕಡ 24ರಷ್ಟು ಕಡಿಮೆ ಇತ್ತು. ಆದ್ರೆ ಅವರು ಬಳಿದ ಹಾಗೆ ನೀವೆಲ್ಲಿ ಬಳೀತೀರಿ? ಮುಖ ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಬೇಕು. ಈ ಮನೇಲಿ ಕಡಲೆಕಾಳಿನಷ್ಟು ಹಚ್ಚಿ ಸಂಜೆವರೆಗೆ ಸ್ಕೂಟರ್ ಸವಾರಿ. ನನ್ನನ್ನ ಒಮ್ಮೆ ಬಿಡಿಸಿದ್ರೆ ಆಯ್ತು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದವರು 2013ರಲ್ಲಿ ಕೈಕೊಡೆಗಳನ್ನ ಅಳೆದು ನೋಡಿದ್ದಾರೆ. ಕಪ್ಪು ಕೊಡೆಗಳೆಲ್ಲ ನೇರಳಾತೀತ ಕಿರಣವನ್ನ ಶೇಕಡ 90 ದಾಟಿ ತಡೆದವು.

ಟೆಕ್ಸಾಸ್‌ನ ಕೆರೆ ದಂಡೆಯಲ್ಲಿ ಮೂರೂವರೆ ಗಂಟೆ ಬರೀ ಕೊಡೆ ಕೆಳಗೆ ಕೂತವರಲ್ಲಿ ಶೇಕಡ 78 ಮಂದಿ ಸುಟ್ಟುಕೊಂಡರಂತೆ. ಸನ್‌ಸ್ಕ್ರೀನ್ ಹಚ್ಚಿದವರಲ್ಲಿ 25. ನಾನೂ ಓದಿಕೊಂಡೇ ಬಂದಿದ್ದೇನೆ.

(ದೀರ್ಘ ಮೌನ.)

— ಮರಳು, ನೀರು ಕೆಳಗಿಂದ ಎಸೆಯೋ ಬೆಳಕಿಗೆ ನಾನೆಂತ ಮಾಡ್ಲಿ? ನಂಗೆ ಮಾಡು ಇದೆ, ಗೋಡೆ ಇಲ್ಲ. ಅಂಥಲ್ಲಿ ಇಬ್ಬರೂ ಬೇಕು. ಬರ್ಕೋ. ಸಣ್ಣಕ್ಷರದಲ್ಲಿ ಬರ್ಕೋ.

ಬಿಸಿಲಿಗೆ ಕೊಡೆ ಹಿಡಿಯೋರು ಈಗಲೂ ಇದ್ದಾರಲ್ಲ, ಅಷ್ಟು ಬೇಸರ ಯಾಕೆ?

— ಹೆಂಗಸರು ಹಿಡೀತಾರೆ, ಕಪ್ಪಾಗ್ತೀವಿ ಅಂತ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಡಬ್ಬಿಯ ಹೆಸರು 2020ರಲ್ಲಿ ಬದಲಾಯ್ತು, ಸೋದರತ್ತೆಯ ಬಾಯಿ ಬದಲಾಗಿಲ್ಲ. ತಮಾಷೆ ನೋಡು, ಯಾವ ಕಪ್ಪನ್ನ ಬೈತಾರೋ ಆ ಮೆಲನಿನ್ನೇ ಸುಕ್ಕನ್ನ ಅಷ್ಟು ವರ್ಷ ಹಿಂದಕ್ಕೆ ತಳ್ಳೋದು. ಗಂಡಸರು ಬಿಡು. ಬಿಸಿಲಿಗೆ ಕೊಡೆ ಹಿಡಿದ್ರೆ ಗಂಡಸ್ತನಕ್ಕೆ ಪೆಟ್ಟು. ಮಾರ್ಕೆಟ್ ಮೂಲೇಲಿ ನಮ್ಮ ದಾಯಾದಿ ಒಬ್ಬನಿದ್ದಾನೆ, ಗಾಡಿಗೆ ಕಟ್ಟೋ ದೊಡ್ಡ ಬಣ್ಣದ ಕೊಡೆ. ಮೈತುಂಬ ಯಾವುದೋ ಯೌವನದ ಕ್ರೀಮಿನ ಜಾಹೀರಾತು. ಅದರ ಕೆಳಗೆ ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸ್ತಾ ಕೂರೋ ಅಜ್ಜಿ ಹತ್ರ ಅದೇ ಕ್ರೀಮಿನ ಗಿರಾಕಿಗಳು ಐದು ರೂಪಾಯಿಗೆ ಚೌಕಾಸಿ ಮಾಡ್ತಾರೆ.

ನಿಮ್ಮ ಸ್ವಂತ ಯೌವನದ ಗುಟ್ಟು?

— ಎಲ್ಲಿಯ ಯೌವನ? ನೆತ್ತಿ ನೋಡು. ನಿನ್ನಜ್ಜನ ತಲೆಗೆ ಬೀಳಬೇಕಾದ ಬಿಸಿಲೆಲ್ಲ ಇಲ್ಲಿದೆ.

ಹನ್ನೆರಡೂವರೆ ಆಗಿತ್ತು. ಹಾಲಿನ ಪ್ಯಾಕೆಟ್ ತರಬೇಕಿತ್ತು. ಹೊರಗೆ ಕಣ್ಣು ಬಿಡಲಾಗದ ಬಿಸಿಲು.

— ನನ್ನನ್ನೂ ಕರ್ಕೊಂಡು ಹೋಗು.

ಮಳೆ ಇಲ್ಲವಲ್ಲ, ನೋಡಿದವರು ಏನಂದುಕೊಂಡಾರು ಅಂದೆ. ಈ ಸಂದರ್ಶನ ಬರೆದುಕೊಂಡಿದ್ದ ನೋಟ್‌ಬುಕ್ಕನ್ನೇ ತಲೆ ಮೇಲೆ ಹಿಡಿದು ಮೆಟ್ಟಿಲಿಳಿದೆ.

— ತಮ್ಮಾ, ಅದರ ಎಸ್‌ಪಿಎಫ್ ಎಷ್ಟು?