ನೆಪಶಿಲಾ ಮೀಮಾಂಸೆ: ಸೇಲಂ–ಧರ್ಮಪುರಿ ಸೀಮೆಯ ಬೆಟ್ಟದ ಸೈಕಲ್ ಸವಾರನನ್ನು ಕುರಿತು ಒಂದು ಭೂವೈಜ್ಞಾನಿಕ ಶೋಧ

ಸೇಲಂ ಸೀಮೆಯ ಕಲ್ಲುಗಳ ಬಗ್ಗೆ ವಿದ್ವಾಂಸರು ಬರೆದದ್ದು ಕಡಿಮೆಯೇನಲ್ಲ. ವಿಲಿಯಂ ಕಿಂಗ್ ಮತ್ತು ರಾಬರ್ಟ್ ಬ್ರೂಸ್ ಫುಟ್ ಎಂಬಿಬ್ಬರು ತಿರುಚಿರಾಪಳ್ಳಿ, ಸೇಲಂ, ದಕ್ಷಿಣ ಆರ್ಕಾಟ್ ಜಿಲ್ಲೆಗಳನ್ನು ಸುತ್ತಿ, 1864ರಷ್ಟು ಹಿಂದೆಯೇ ಅಲ್ಲಿನ ಶಿಲಾರಚನೆಯ ಮೇಲೆ ದಪ್ಪನೆಯ ವರದಿ ಪ್ರಕಟಿಸಿದರು. ಇವರಲ್ಲಿ ಫುಟ್ ಸಾಮಾನ್ಯ ಆಸಾಮಿಯಲ್ಲ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿ ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರು, ನಮ್ಮ ಕಡೆಯ ಪುರಾತನ ಶಿಲಾಪಟ್ಟಿಗಳಿಗೆ ಧಾರವಾಡದ ಹೆಸರು ಕೊಟ್ಟವರು. ನಿವೃತ್ತಿಯ ಮೇಲೆ ನೆಲೆಸಿದ್ದು ಇದೇ ಸೇಲಂ ನೆತ್ತಿಯ ಯೇರ್ಕಾಡಿನಲ್ಲಿ. ಇಷ್ಟು ಕಲ್ಲು ಕಂಡ ಕಣ್ಣಿಗೂ ಒಂದು ಜಾತಿಯ ಶಿಲೆ ಮಾತ್ರ ಬೀಳಲಿಲ್ಲ. ಅದು ಅವರ ತಪ್ಪಲ್ಲ, ಆಗಿನ್ನೂ ಬೆಟ್ಟದ ಸೈಕಲ್ ಹುಟ್ಟಿರಲಿಲ್ಲ. ಹವ್ಯಾಸಿ ಸವಾರ ಬಿದ್ದಾಗ, ಹಿಂದುಳಿದಾಗ ಅಥವಾ ಸೈಕಲ್ಲಿಂದ ಇಳಿದು ತಳ್ಳುವಾಗ ಅವನ ಬಾಯಿಂದ ದ್ರವರೂಪದಲ್ಲಿ ಹೊರಟು, ಹತ್ತಿರದ ಬಂಡೆಗೆ ಅಂಟಿ ಕ್ಷಣಾರ್ಧದಲ್ಲಿ ಗಟ್ಟಿಯಾಗುವ ಈ ಪದಾರ್ಥವನ್ನು ಪ್ರಸ್ತುತ ಪ್ರಬಂಧವು 'ನೆಪಶಿಲೆ' ಎಂದು ಕರೆಯುತ್ತದೆ.

ಮೊದಲು ಕ್ಷೇತ್ರನಿರ್ಣಯ. ಸೇಲಂ, ಧರ್ಮಪುರಿ ಎರಡೇ ಜಿಲ್ಲೆ. ಧರ್ಮಪುರಿ 1965ರಲ್ಲಿ ಸೇಲಂನಿಂದ ಬೇರೆಯಾಯಿತು. ನಾಮಕ್ಕಲ್ 1997ರಲ್ಲಿ ಬೇರೆಯಾಗಿದ್ದರಿಂದ ಕೊಲ್ಲಿಮಲೆಯ 70 ಹೇರ್‌ಪಿನ್ ತಿರುವುಗಳು ನಮ್ಮ ವ್ಯಾಪ್ತಿಯಿಂದ ಹೊರಗೆ ಹೋದವು. ಸವಾರ ಇದಕ್ಕಾಗಿ ಸರ್ಕಾರಕ್ಕೆ ಋಣಿಯಾಗಿದ್ದಾನೆ.

ಇನ್ನು ಶೋಧಕ್ಕೆ ಸಿಕ್ಕಿದ ಜೀವಿಯ ಲಕ್ಷಣ. ಆವಾಸ: ಬೆಂಗಳೂರಿನ ದಕ್ಷಿಣ ಅಂಚು, ಅಂದರೆ ಹೊಸೂರು ರಸ್ತೆ ಬೇಗ ಸಿಗುವ ಕಡೆ. ವಾರದ ಐದು ದಿನ ಕುರ್ಚಿ. ಶನಿವಾರ ನಸುಕಿಗೆ ಮುಂಚೆ ಎದ್ದು, ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು, ಕೃಷ್ಣಗಿರಿ ಮೇಲೆ ಹಾದು ಹೋಗುವ 44ನೇ ಹೆದ್ದಾರಿಯಲ್ಲಿ ದಕ್ಷಿಣಾಭಿಮುಖವಾಗಿ ವಲಸೆ ಹೋಗುತ್ತದೆ. ವಯಸ್ಸು ನಲವತ್ತು ದಾಟಿದೆ, ಆದಕಾರಣ ಸ್ಪರ್ಧೆಗಳಲ್ಲಿ 'ಮಾಸ್ಟರ್ಸ್' ವಿಭಾಗಕ್ಕೆ ಸೇರಿದ್ದು. ಆ ವಿಭಾಗದಲ್ಲಿ ತನಗಿಂತ ಹತ್ತು ವರ್ಷ ಹಿರಿಯರು ಮುಂದೆ ಹೋಗುತ್ತಾರೆಂಬುದು ಸೇರಿದ ಮೇಲೆ ಗೊತ್ತಾಯಿತು. ಕಾಲಿಗಿಂತ ಸೈಕಲ್ ಬೆಲೆ ಹೆಚ್ಚು. ಮಾತಿನಲ್ಲಿ 'ಟ್ರಾವೆಲ್', 'ರಿಬೌಂಡ್', 'ಟ್ಯೂಬ್‌ಲೆಸ್' ಎಂಬ ಮೂರು ಬೀಜಾಕ್ಷರ ಪದೇ ಪದೇ ಬರುತ್ತವೆ.

ಪ್ರಮಾಣಗಳಿಲ್ಲದೆ ಶಾಸ್ತ್ರವಿಲ್ಲ. ನೈಯಾಯಿಕರು ಒಪ್ಪುವುದು ನಾಲ್ಕು. ಮೊಣಕಾಲಿನ ತರಚು ಪ್ರತ್ಯಕ್ಷ. ಕೈಗಡಿಯಾರದ ನಾಡಿಬಡಿತದ ಅಂಕಿ ಶಬ್ದ. ಉಪಮಾನವನ್ನು ಮನೆಯವರು ಧಾರಾಳವಾಗಿ ಒದಗಿಸುತ್ತಾರೆ. ಉಳಿದದ್ದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬಹುದೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಈ ಪಾಠವನ್ನು ಒಡೆದವರು ಕ್ಯಾಲಿಫೋರ್ನಿಯದ ಮರೀನ್ ಕೌಂಟಿಯ ಕೆಲವು ಪಡ್ಡೆ ಹುಡುಗರು. 1976ರ ಅಕ್ಟೋಬರ್ 21ರಂದು ಅವರು ಮೂವತ್ತರ ದಶಕದ ಗುಜರಿ ಸೈಕಲ್ಲುಗಳನ್ನು ಬೆಟ್ಟದ ಮೇಲೆ ಹೊತ್ತು, ಸುಮಾರು 3 ಕಿ.ಮೀ. ಅಂತರದಲ್ಲಿ 400 ಮೀಟರಿನಷ್ಟು ಕೆಳಕ್ಕೆ ಧುಮುಕುವ ಮಣ್ಣುದಾರಿಯಲ್ಲಿ ಓಟ ಕಟ್ಟಿದರು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಕಾದು, ಹಬ್ಬಿನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಕೆಳಗಿಳಿದ ಮೇಲೆ ಹೊಸ ಗ್ರೀಸು ತುಂಬಬೇಕಿದ್ದುದರಿಂದ ಆ ಓಟಕ್ಕೆ ರಿಪ್ಯಾಕ್ ಎಂದೇ ಹೆಸರು ನಿಂತಿತು. ಬೆಟ್ಟದಲ್ಲಿ ಹೊಗೆ ಇತ್ತು, ಬೆಂಕಿ ಇರಲಿಲ್ಲ. ಎರಡು ದಶಕದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ, ಈ ಆಟ ಕಾಲಿಟ್ಟಿತು. 2023ರ ಅಕ್ಟೋಬರಿನಲ್ಲಿ ಏಷ್ಯಾ ಮಟ್ಟದ ಕೂಟವೇ ಕೇರಳದ ಪೊನ್ಮುಡಿಗೆ ಬಂತು. ನಮ್ಮ ಸವಾರ ಅಲ್ಲಿಗೂ ಹೋಗಿದ್ದ, ಹಗ್ಗದ ಈಚೆ.

ಈಗ ಶಿಲಾಸ್ತರಗಳಿಗೆ ಬರೋಣ.

ಎಲ್ಲಕ್ಕಿಂತ ಮೇಲೆ ನಿಂತಿರುವುದು, ವಯಸ್ಸಿನಲ್ಲೂ ಹಿರಿದು, ಶೆವರಾಯ್ ಬೆಟ್ಟಸಾಲಿನ ಚಾರ್ನೊಕೈಟ್. ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿಯ ಆಳದಲ್ಲಿ ಬೆಂದು ಗಟ್ಟಿಯಾದ, ಎಣ್ಣೆ ಸವರಿದಂತೆ ಕಾಣುವ ಕಡುಬೂದು ಕಲ್ಲು. ಕಲ್ಕತ್ತದಲ್ಲಿರುವ ಜಾಬ್ ಚಾರ್ನಾಕನ ಗೋರಿಕಲ್ಲು ಇದೇ ಜಾತಿಯದೆಂದು ಕಂಡು 1893ರಲ್ಲಿ ಥಾಮಸ್ ಹಾಲೆಂಡ್ ಈ ಹೆಸರಿಟ್ಟರು. ಗೋರಿಯಿಂದ ಹೆಸರು ಪಡೆದ ಬಂಡೆಯ ಮೇಲೆ ಮುಂದಿನ ಚಕ್ರ ಜಾರಿದವನು ಎದ್ದು ಕೂತು ಮೊದಲು ಹೇಳುವ ಮಾತು, "ಟೈರಿನ ಕಾಂಪೌಂಡ್ ಸರಿಯಿಲ್ಲ." ಇದು ಅಗ್ನಿಜನ್ಯ ನೆಪ. ಸ್ಥಳದಲ್ಲೇ, ಬಿಸಿಯಾಗಿ ಹುಟ್ಟಿದ್ದು.

ಈ ಸಾಲಿನ ಮೇಲೆ 1,500 ಮೀಟರ್ ಎತ್ತರದಲ್ಲಿ ಯೇರ್ಕಾಡ್. ಸೇಲಂ ಪಟ್ಟಣ ಇರುವುದು ಸಮುದ್ರಮಟ್ಟದಿಂದ 300 ಮೀಟರಿಗೂ ಕಡಿಮೆ ಎತ್ತರದಲ್ಲಿ. ನಡುವೆ ಸುಮಾರು 30 ಕಿ.ಮೀ. ದಾರಿ, 20 ಹೇರ್‌ಪಿನ್ ತಿರುವು. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಂಡರೆ, 1,200 ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ಹತ್ತು ಲಕ್ಷ ಜೂಲ್, ಸುಮಾರು 240 ಕಿಲೋಕ್ಯಾಲರಿ. ಮನುಷ್ಯದೇಹ ತಿಂದದ್ದರ ಕಾಲುಭಾಗವನ್ನಷ್ಟೇ ಪೆಡಲಿಗೆ ಕೊಡುವುದರಿಂದ ನಿಜವಾದ ಖರ್ಚು ಸಾವಿರದ ಹತ್ತಿರ. ಈ ಲೆಕ್ಕ ಬಲ್ಲ ಸವಾರ ಒಂದು ಕಿಲೋ ಹಗುರವಾದ ಕಾರ್ಬನ್ ಸೈಕಲ್ಲಿಗೆ ಒಂದು ಸ್ಕೂಟರಿನ ದುಡ್ಡು ಸುರಿದ. 85ರಲ್ಲಿ ಒಂದು ಕಿಲೋ ಇಳಿದರೆ ಎರಡೂವರೆ ಗಂಟೆಯ ಹತ್ತುವಿಕೆಯಲ್ಲಿ ಉಳಿಯುವುದು ಎರಡು ನಿಮಿಷಕ್ಕೂ ಕಡಿಮೆ. ಆ ಎರಡು ನಿಮಿಷವನ್ನು ಅವನು ತಿರುವಿನ ಸಂಖ್ಯೆಯ ಫಲಕಗಳ ಮುಂದೆ ನಿಂತು ಫೋಟೋ ತೆಗೆಯುವುದರಲ್ಲಿ ವ್ಯಯಿಸುತ್ತಾನೆ. ಫೋಟೋ ತೆಗೆಯುವವನಿಗೆ ಏದುಸಿರು ಬಿಡಲು ಶಾಸ್ತ್ರಸಮ್ಮತ ಅವಕಾಶವಿದೆ.

ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಮತ್ತು ಕೆಮ್ಮಣ್ಣು. 1820ರ ದಶಕದಲ್ಲಿ ಸೇಲಂ ಕಲೆಕ್ಟರಾಗಿದ್ದ ಕಾಕ್‌ಬರ್ನ್ ಸಾಹೇಬರು ಇಲ್ಲಿ ಕಾಫಿ ಹಾಕಿಸಿದ ಮೇಲೆ ತೋಟದ ದಾರಿಗಳೂ ಹುಟ್ಟಿದವು. ಸಿಲ್ವರ್ ಓಕಿನ ತರಗೆಲೆ ಮುಚ್ಚಿದ ಆ ದಾರಿ ಸವಾರನ ಸ್ವರ್ಗ, ಮಳೆ ಬರುವ ತನಕ. ಮಳೆ ಬಿದ್ದ ಹತ್ತು ನಿಮಿಷಕ್ಕೆ ಕೆಮ್ಮಣ್ಣು ಟೈರಿಗೆ ಸುತ್ತಿ, ಎಲೆ ಸೇರಿ, ಚಕ್ರ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಗ ಹನ್ನೊಂದು ಕಿಲೋ ಸೈಕಲ್ ಹದಿನೈದಾಗುತ್ತದೆ. ಕಾರ್ಬನ್ನಿನಲ್ಲಿ ಉಳಿಸಿದ ಕಿಲೋ ಎಲ್ಲಿಗೆ ಹೋಯಿತು ಎಂದು ಆ ಹೊತ್ತಿನಲ್ಲಿ ಕೇಳುವುದು ಸಂಶೋಧಕನ ಆರೋಗ್ಯಕ್ಕೆ ಒಳ್ಳೆಯದಲ್ಲ. ಇದು ಪದರಶಿಲೆಯ ಜಾತಿಯ ನೆಪ: ನಿಧಾನವಾಗಿ, ಒಂದರ ಮೇಲೊಂದು ಕೂರುತ್ತದೆ.

ಬೆಟ್ಟದ ಬುಡದಲ್ಲಿ ಮ್ಯಾಗ್ನೆಸೈಟ್. ಸೇಲಂ ಪಕ್ಕದ ಈ ಗುಡ್ಡಗಳನ್ನು ಇಂಗ್ಲಿಷರು ಸೀಮೆಸುಣ್ಣದ ಗುಡ್ಡ ಎಂದು ತಪ್ಪಾಗಿ ಕರೆದರು. ಕುಲುಮೆಗಳ ಒಳಮೈಗೆ ಇಟ್ಟಿಗೆ ಮಾಡುವ ಬಿಳಿ ಖನಿಜ ಇಲ್ಲಿ ನರನರವಾಗಿ ಹರಿದಿದೆ. ಗಣಿಯ ಆಸುಪಾಸಿನ ರಸ್ತೆಯಲ್ಲಿ ಬೇಸಿಗೆಯಲ್ಲಿ ಹೋದವನ ಹುಬ್ಬು, ಮೀಸೆ, ಚೈನು ಒಂದೇ ಬಣ್ಣ. ತೀರ ಪಶ್ಚಿಮಕ್ಕೆ ಕಂಜಮಲೆ. ಅದರ ಹೊಟ್ಟೆಯಲ್ಲಿ ಮ್ಯಾಗ್ನಟೈಟ್ ಅದಿರು, ಕಾಲಬುಡದಲ್ಲಿ ಸೇಲಂ ಉಕ್ಕಿನ ಕಾರ್ಖಾನೆ. ಇಲ್ಲಿ ದಾರಿ ತಪ್ಪಿದ ನಮ್ಮ ಸವಾರ, ಬೆಟ್ಟದ ಅಯಸ್ಕಾಂತ ತನ್ನ ಜಿಪಿಎಸ್ಸನ್ನು ಕೆಡಿಸಿತೆಂದು ವಾದಿಸಿದ. ಮ್ಯಾಗ್ನಟೈಟ್ ದಿಕ್ಸೂಚಿಯ ಮುಳ್ಳನ್ನು ಅಲುಗಿಸಬಲ್ಲದು. ಉಪಗ್ರಹದಿಂದ ಬರುವ ರೇಡಿಯೊ ಅಲೆಗೆ ಅದರ ಹಂಗಿಲ್ಲ. ಆದರೂ ಈ ನೆಪದ ಕಾಂತಿ ಕಂಡು ಸಂಶೋಧಕರು ಅದನ್ನು ರತ್ನಗಳ ಪಟ್ಟಿಗೆ ಸೇರಿಸಿದ್ದಾರೆ.

ಇತಿಹಾಸಜನ್ಯ ನೆಪಗಳೂ ಉಂಟು. ಹೈದರನ ಕಾಲದಿಂದ ಮೈಸೂರಿನ ಕೈಯಲ್ಲಿದ್ದ ಇಲ್ಲಿನ ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪನಿಯ ಪಾಲಾಯಿತು. ಅಂದಿನಿಂದ ಈ ಕಣಿವೆಗಳು ಮೈಸೂರು ಸೀಮೆಯವರಿಗೆ ಒಲಿದಿಲ್ಲ ಎಂಬುದು ಸವಾರನ ಅಂಬೋಣ. ಇದಕ್ಕೆ ಪ್ರತಿಯಾಗಿ, ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನವೇ ಇದೆ, ಆಗ ಒಲಿದಿದ್ದು ಈಗೇಕೆ ಮುನಿಯಿತು ಎಂಬ ಆಕ್ಷೇಪ ಎದ್ದಿದೆ. ಸವಾರ ಉತ್ತರಿಸಲು ಸಮಯ ಕೇಳಿದ್ದಾನೆ.

ಧರ್ಮಪುರಿ ಎಂದಾಗ ವೀರಗಲ್ಲುಗಳನ್ನು ಬಿಡುವಂತಿಲ್ಲ. ದನ ಕಾಯ್ದು ಸತ್ತವರು, ಹುಲಿಯೊಡನೆ ಹೋರಿದವರು, ಎಲ್ಲರಿಗೂ ಈ ಸೀಮೆ ಕಲ್ಲು ನೆಟ್ಟಿದೆ. ಕನ್ನಡನಾಡಿನ ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸ್ಟ್ರಾವಾ ಎಂಬ ಆ್ಯಪಿನಲ್ಲಿ ಸವಾರ ಭಾನುವಾರ ಸಂಜೆ ಹಾಕುವ ಚಿತ್ರ ಇದೇ ಸಂಪ್ರದಾಯದ ಮುಂದುವರಿಕೆ ಎಂದು ಈ ಪ್ರಬಂಧ ಸಾಧಿಸುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ದಾರಿಯ ನಕ್ಷೆ, ಏರಿಳಿತದ ಗೆರೆ. ನಡುವಿನ ಪಟ್ಟಿಕೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ಒಂದು ಭಾಗ. ಅಲ್ಲಿ ವೀರನನ್ನೂ ಸೈಕಲ್ಲನ್ನೂ ಎತ್ತಿಕೊಂಡು ಹೋದದ್ದು ಗೆಳೆಯನ ಬೊಲೆರೊ. ಮೇಲೆ ಮಿತ್ರವೃಂದದ ಹೆಬ್ಬೆರಳುಗಳ ಸನ್ನಿಧಿ. ಹಳೆಯ ಕಲ್ಲಿಗೂ ಇದಕ್ಕೂ ವ್ಯತ್ಯಾಸ ಒಂದೇ: ಅಲ್ಲಿ ವೀರ ಸತ್ತಿರುತ್ತಿದ್ದ, ತಾನೇ ಬರೆದುಕೊಳ್ಳುತ್ತಿರಲಿಲ್ಲ.

ಸ್ಪರ್ಧೆಯ ವಿಚಾರ ಚಿಕ್ಕದು. ಕ್ರಾಸ್‌ಕಂಟ್ರಿ ಓಟದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಶೇಕಡಾ 80ರ ನಿಯಮ ಇದೆ. ಮುಂದಾಳು ಮೊದಲ ಸುತ್ತಿಗೆ ತೆಗೆದುಕೊಂಡ ಸಮಯದ ಶೇಕಡಾ 80ಕ್ಕಿಂತ ಹೆಚ್ಚು ಹಿಂದೆ ಬಿದ್ದವನನ್ನು ಕಣದಿಂದ ಹೊರಗೆಳೆಯುತ್ತಾರೆ. ಸವಾರ ಬೆಂಗಳೂರಿನ ಹೊರವಲಯದ ಒಂದು ಹವ್ಯಾಸಿ ಓಟದಲ್ಲಿ ಈ ನಿಯಮದ ದೆಸೆಯಿಂದ ಬೇಗ ಮುಗಿಸಿ, ಮೊದಲ ಸ್ಥಾನದವನಿಗಿಂತ ಮುಂಚೆ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದ. ಉಪ್ಪಿಟ್ಟಿನ ಮಟ್ಟಿಗೆ ಅವನೇ ಪ್ರಥಮ.

ಕಾಡುದಾರಿಯ ಸಂಗತಿ ಗಂಭೀರ. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯ ಕಾಳ್ಗಿಚ್ಚಿಗೆ ಚಾರಣಿಗರು ಬಲಿಯಾದ ಮೇಲೆ ತಮಿಳುನಾಡು ಕಾಡಿನ ನಡಿಗೆಗೆ ನಿಯಮ ತಂದಿತು. ಕೃಷ್ಣಗಿರಿ, ಧರ್ಮಪುರಿಗಳಿಗೆ ಹಬ್ಬಿದ ಕಾವೇರಿ ದಕ್ಷಿಣ ವನ್ಯಧಾಮ 2022ರಲ್ಲಿ ಘೋಷಣೆಯಾಯಿತು. ಆನೆಯ ಕಾಡು ಅದು. ಅನುಮತಿಯಿಲ್ಲದೆ ಚಕ್ರ ಇಳಿಸುವ ಹಾಗಿಲ್ಲ, ಇಳಿಸಬಾರದು ಕೂಡ. ಹೀಗಾಗಿ ಸವಾರನ ಪಾಲಿಗೆ ಉಳಿದದ್ದು ತೋಟದ ದಾರಿ, ಕೆರೆ ಏರಿ, ಗಾಡಿಜಾಡು, ಮತ್ತು ವತ್ತಲ್‌ಮಲೆಯಂಥ ಬೆಟ್ಟದೂರುಗಳ ಘಾಟಿರಸ್ತೆ. ಕಡಿದು ಏರುವ ತಿರುವಿನಲ್ಲಿ ಅವನು ಹಿಂತಿರುಗಿದರೆ ಕಾರಣ ಆನೆ ಲದ್ದಿ. ಲದ್ದಿ ಹಳೆಯದೋ ಹೊಸದೋ ಎಂದು ಪರೀಕ್ಷಿಸಲು ಅವನು ಎಂದೂ ಇಳಿದದ್ದಿಲ್ಲ.

ಬಯಲಿನಲ್ಲಿ ಕಾಡುವುದು ಬಳ್ಳಾರಿ ಜಾಲಿ. ಪೆನ್ನಾಗರಂ ಕಡೆಯ ಒಂದು ಪಂಕ್ಚರ್ ಅಂಗಡಿಯಲ್ಲಿ ನಡೆದದ್ದನ್ನು ಕ್ಷೇತ್ರಕಾರ್ಯದ ಟಿಪ್ಪಣಿಯಿಂದ ಕೊಡಲಾಗಿದೆ. ಅಂಗಡಿಯಾತ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಹಿರಿಯ. ಮುಳ್ಳು ಕಿತ್ತ ಕೂಡಲೇ ಟೈರಿನಿಂದ ಬಿಳಿಯ ಸೀಲೆಂಟ್ ಚಿಮ್ಮಿ ಅವರ ಬನಿಯನ್ನಿಗೆ ಹಾರಿತು.

"ಏನ್ ಸಾರ್ ಇದು, ಟೈರು ಹಾಲು ಕರೀತೈತೆ!"

"ಅದು ಲ್ಯಾಟೆಕ್ಸ್, ತೂತನ್ನ ತಾನೇ ಮುಚ್ಚುತ್ತೆ."

"ಮುಚ್ಚಿಲ್ವಲ್ಲ." ಅವರು ಟೈರಿನ ಅಂಚು ಬಿಡಿಸಿ ಒಳಗೆ ಕೈಯಾಡಿಸಿದರು. ಮುಖ ಸಪ್ಪಗಾಯಿತು. "ಟ್ಯೂಬೇ ಇಲ್ಲ ಸಾರ್. ಯಾರೋ ಹೊಡ್ಕೊಂಡ್ ಹೋಗವ್ರೆ."

ಅಂಗಡಿಯಲ್ಲಿ ತಗಡಿನ ಬೋಗುಣಿಯಲ್ಲಿ ನೀರು, ಸೊಲ್ಯೂಷನ್ ಟ್ಯೂಬು, ಉಜ್ಜುಗಾಗದ, ಮೊಳೆಗೆ ನೇತುಹಾಕಿದ ವಾಲ್ ಟ್ಯೂಬಿನ ಕಟ್ಟು, ಎಲ್ಲ ಇದ್ದವು. ಸವಾರನ ಪ್ರೆಸ್ಟಾ ವಾಲ್ವಿಗೆ ಹೊಂದುವ ಪಂಪಿನ ಬಾಯಿ ಮಾತ್ರ ಇರಲಿಲ್ಲ. ಅದನ್ನು ಹೊಂದಿಸುವ, ಕಿರುಬೆರಳಿನ ತುದಿಯಷ್ಟು ಹಿತ್ತಾಳೆ ಬಿರಡೆ ಬೆಂಗಳೂರಿನ ಮನೆಯ ಮೇಜಿನ ಖಾನೆಯಲ್ಲಿತ್ತು. ಕೊನೆಗೆ ಕಾರಿನಲ್ಲಿದ್ದ ಕೈಪಂಪು ತಂದಾಗ "ಎಷ್ಟು ಗಾಳಿ?" ಎಂಬ ಪ್ರಶ್ನೆ ಬಂತು. "ಇಪ್ಪತ್ತೆರಡೇ ಪಿಎಸ್‌ಐ" ಎಂದ ಸವಾರ. "ಅಷ್ಟು ಗಾಳಿಗೆ ಇಷ್ಟು ದೂರ ಬಂದ್ರಾ?" ಎಂದರು ಹಿರಿಯ.

ಈ ಎಲ್ಲ ಸ್ತರಗಳು ಸೇರಿ ಅಂತಿಮವಾಗಿ ಸಂಚಯವಾಗುವುದು ಹೊಗೆನಕಲ್ಲಿನಲ್ಲಿ. ಭೂವಿಜ್ಞಾನಿಗಳು ಇಲ್ಲಿ ಕಾರ್ಬೊನಟೈಟ್ ಎಂಬ ಅಪರೂಪದ ಶಿಲೆಯನ್ನು ಗುರುತಿಸಿದ್ದಾರೆ. ಜನ ಗುರುತಿಸಿರುವುದು ಹರಿಗೋಲು, ಕರಿದ ಮೀನು ಮತ್ತು ಎಣ್ಣೆ ಮಾಲೀಸು. ಭಾನುವಾರ ಮಧ್ಯಾಹ್ನ ಸವಾರ ನದಿಯಂಚಿನ ಬಂಡೆಯ ಮೇಲೆ ಅಂಗಾತ ಬಿದ್ದುಕೊಂಡ. ಮಾಲೀಸಿನವರು ಮೀನಖಂಡ ಒತ್ತಿ ನೋಡಿ, "ತುಂಬ ನಡೆದಿದೀರಾ ಸಾರ್?" ಎಂದು ಕೇಳಿದರು. ಸೈಕಲ್ ತುಳಿದದ್ದು ಎಂದು ಅವನು ತಿದ್ದಿದ. ತುಳಿದ ಕಾಲು ಬೇರೆ ಕಡೆ ಗಂಟಾಗುತ್ತದೆ, ಇದು ತಳ್ಳಿಕೊಂಡು ನಡೆದ ಕಾಲು ಎಂದು ಅವರು ಸಾಧಿಸಿದರು. ಸವಾರ ಮೊಣಕೈ ಊರಿ ಅರ್ಧ ಎದ್ದು, ಚಾರ್ನೊಕೈಟಿನ ಒರಟುತನ, ಕೆಮ್ಮಣ್ಣಿನ ಅಂಟು, ಕಂಜಮಲೆಯ ಅಯಸ್ಕಾಂತ, 1792ರ ಒಪ್ಪಂದ, ಎಲ್ಲವನ್ನೂ ಕ್ರಮವಾಗಿ ವಿವರಿಸತೊಡಗಿದ.

"ಸರಿ ಸಾರ್," ಅಂದರು ಮಾಲೀಸಿನವರು, ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಳ್ಳುತ್ತಾ. "ಈಗ ಬೋರಲು ಮಲಗಿ."